ಹಿಂದಿನ ಕಿಟಕಿಯ ಕೆಳಗೆ ಮೂರು ಗುಳಿ

ಗುರುವಾರ, ಮಧ್ಯಾಹ್ನ

ನನ್ನ ಗಿಣಿಗೆ,

ದೇವರು ನಿನ್ನನ್ನೂ ನಿನ್ನ ಮನೆಯವರನ್ನೂ ಕಾಯಲಿ. ಕಾಗದದ ಮೊದಲಿಗೆ ಏನಾದರೂ ಬರೆಯಬೇಕಲ್ಲ ಎಂದು ಬರೆದದ್ದಲ್ಲ ಇದು, ಮಂಡಿಯೂರಿ ಬೇಡಿಕೊಂಡು ಎದ್ದು ಬಂದು ಬರೆದದ್ದು.

ಎರಡು ಬೀದಿ ಆಚೆ ಇರುವ ತಂಗಿಗೆ ಅಕ್ಕ ಕಾಗದ ಬರೆಯುವುದೇ ಎಂದು ನಗಬೇಡ. ಮಾತಿಗೆ ನಿಂತರೆ ನೀನೇ ಗೆಲ್ಲುತ್ತೀಯ. ಅಪ್ಪ ನಿನ್ನನ್ನು ಗಿಣಿ ಎಂದು ಕರೆದದ್ದು ಸುಮ್ಮನೆ ಅಲ್ಲ. ಮೊನ್ನೆ ಮಂಗಳವಾರ ನಿನ್ನ ಅಡುಗೆಮನೆಗೆ ನಾನು ಜಗಳಕ್ಕೆಂದೇ ಬಂದಿದ್ದೆ. ಹೊರಡುವಾಗ ನೋಡಿದರೆ ನಾನೇ ನಿನ್ನಲ್ಲಿ ಕ್ಷಮೆ ಕೇಳುತ್ತಿದ್ದೇನೆ! ಗೇಟು ದಾಟಿ ನಾಲ್ಕು ಹೆಜ್ಜೆ ಹಾಕಿದ ಮೇಲೆ, ಅಯ್ಯೋ ಪೆದ್ದಿ, ಕೇಳಬೇಕಾದವಳು ನೀನಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕಾಗದಕ್ಕೆ ನೀನು ಅಡ್ಡಬಾಯಿ ಹಾಕಲಾರೆ. ಅದಕ್ಕೇ ಇದು. ನಿನಗೆ ಗೊತ್ತಿರುವುದೇ ಇದರಲ್ಲಿ ಬಹಳ ಇದೆ, ಆದರೂ ಹಾರಿಸದೆ ಓದು.

ಹೋದ ವರ್ಷ ನಮ್ಮ ಚರ್ಚಿನ ಸಭೆಯಿಂದ ಹದಿನಾಲ್ಕು ಜನ ಹೊರದೇಶಕ್ಕೆ ಹೋಗಿ, ಮನೆಯಿಲ್ಲದ ಒಂದು ಸಂಸಾರಕ್ಕೆ ಹತ್ತು ದಿನದಲ್ಲಿ ಮನೆ ಕಟ್ಟಿಕೊಟ್ಟು ಬರುವುದೆಂದು ನಿಶ್ಚಯವಾಯಿತು. ಆ ದೇಶದ ಆಸ್ಪತ್ರೆಯಲ್ಲಿ ಆರು ವರ್ಷ ನರ್ಸಾಗಿದ್ದು ಅಲ್ಲಿಯ ಭಾಷೆ ಕಲಿತವಳು ನೀನೊಬ್ಬಳೇ, ಹಾಗಾಗಿ ಮುಂದಾಳೂ ನೀನೇ. ನನ್ನ ಮನೆಗೆ ಬಂದು ಏನಂದೆ, ನೆನಪಿದೆಯಾ? ಅಕ್ಕಾ, ಹೋಗೋರಲ್ಲಿ ಮೇಷ್ಟ್ರಿದ್ದಾರೆ, ಬ್ಯಾಂಕಿನೋರಿದ್ದಾರೆ, ಒಬ್ಬರಿಗೂ ಕರಣೆ ಹಿಡಿಯೋಕೆ ಬರಲ್ಲ, ಸೌಟು ಹಿಡಿದ ಹಾಗೆ ಹಿಡೀತಾರೆ, ನೀನು ಬರದೆ ಇದ್ರೆ ಗೋಡೆ ನಮ್ಮ ಮೇಲೇ ಬೀಳತ್ತೆ ಅಂದೆ.

ನನಗೆ ನಗು ಬಂತು. ನಾನೆಲ್ಲಿ ಮೇಸ್ತ್ರಿ, ಮೇಸ್ತ್ರಿ ನಿನ್ನ ಭಾವ. ಇಪ್ಪತ್ತೈದು ವರ್ಷ ಅವರ ಪಕ್ಕದಲ್ಲಿ ಗಾರೆ ಕಲಸಿದೆ, ಇಟ್ಟಿಗೆ ಎತ್ತಿಕೊಟ್ಟೆ. ಅವರಿಗೆ ಬೆನ್ನು ಹಿಡಿದುಕೊಂಡ ದಿನ ಗೋಡೆ ನಾನೇ ಏರಿಸಿ, ಸಂಜೆ ಮನೆ ಕಟ್ಟಿಸುವವರು ಬರುವ ಹೊತ್ತಿಗೆ ಕರಣೆಯನ್ನು ಅವರ ಕೈಗೆ ಕೊಟ್ಟು ದೂರ ನಿಲ್ಲುತ್ತಿದ್ದೆ. ಊರವರ ಬಾಯಲ್ಲಿ ನಾನು ಮೇಸ್ತ್ರಿ ಹೆಂಡತಿ, ಅಷ್ಟೇ. ಅವರು ತೀರಿಕೊಂಡ ಮೇಲೆ ಆ ಕರಣೆಯನ್ನು ಮುಟ್ಟಿರಲಿಲ್ಲ. ನೀನು ಕರೆದೆ ಎಂದು ತುಕ್ಕು ಉಜ್ಜಿ, ಬಟ್ಟೆಯಲ್ಲಿ ಸುತ್ತಿ ಹೊರಟೆ. ವಿಮಾನ ನಿಲ್ದಾಣದಲ್ಲಿ ಕೈಚೀಲದಿಂದ ಅದನ್ನು ಹೊರತೆಗೆದು, ಇದ್ಯಾವ ಆಯುಧ ಅಮ್ಮಾ ಎಂದು ಕೇಳಿದರು. ನೀನು ಹೋಗಿ ಎರಡು ಮಾತಾಡಿ ದೊಡ್ಡ ಪೆಟ್ಟಿಗೆಗೆ ಹಾಕಿಸಿದೆ. ನಿನ್ನ ಮಾತಿಗೆ ತೆರೆಯದ ಬಾಗಿಲಿಲ್ಲ.

ಅಲ್ಲಿ ನಮ್ಮನ್ನು ಇದಿರುಗೊಂಡವನು ಅಲ್ಲಿಯ ಕೆಲಸ ವಹಿಸಿಕೊಂಡಿದ್ದ ಆ ಹುಲ್ಲಿನ ಟೋಪಿಯವ. ಗೋಡೆಗಳನ್ನು ನಮ್ಮ ಆಳುಗಳು ಎಬ್ಬಿಸಿಟ್ಟಿದ್ದಾರೆ, ಹಿಂದೆ ಮುಂದೆ ಗಿಲಾವು, ನೆಲ, ಹೊಸ್ತಿಲು, ಮೇಲಿನ ತಗಡು ನಿಮ್ಮ ಪಾಲಿಗೆ ಎಂದು ಅವನು ಹೇಳಿದ್ದನ್ನು ನೀನು ನಮಗೆ ತಿಳಿಸಿದೆ. ಟೋಪಿ ಅವನ ತಲೆಯ ಮೇಲೆ ಮಾತ್ರ ಇದೆ ಎಂದುಕೊಂಡಿದ್ದೆ ನಾನು.

ಮನೆ ಯಾರಿಗೆಂದರೆ ಆ ಬುಟ್ಟಿ ಹೆಣೆಯುವವಳಿಗೆ. ಗಂಡನಿಲ್ಲ, ಮಕ್ಕಳಿಲ್ಲ, ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿದ ತಾಯಿ ಒಬ್ಬಳು. ಮಾರುಕಟ್ಟೆಯ ಮೆಟ್ಟಿಲ ಕೆಳಗೆ ಇಬ್ಬರ ವಾಸ. ದಿನಾ ಬೆಳಿಗ್ಗೆ ತಾಯಿಯನ್ನು ಬೆನ್ನ ಮೇಲೆ ಹೊತ್ತು ತಂದು, ನೆರಳಲ್ಲಿ ಕೂರಿಸಿ, ನನ್ನ ಜೊತೆ ನೀರು ಹೊರುತ್ತಿದ್ದಳು. ನನಗೆ ಅವಳ ಮಾತು ಬಾರದು, ಅವಳಿಗೆ ನನ್ನದು ಬಾರದು. ಆದರೂ ಗಾರೆ ಗಟ್ಟಿಯಾಯಿತು ಎಂದು ನಾನು ಬೆರಳು ತಿರುಗಿಸಿದರೆ ಸಾಕು, ಅಳತೆಯಷ್ಟೇ ನೀರು ಹಾಕುವಳು. ಮುದುಕಿ ಕೂತಲ್ಲಿಂದಲೇ ಎರಡು ಕೈ ಊರಿ ಜರುಗುವುದನ್ನು ನೋಡಿ ಹೊಸ್ತಿಲನ್ನು ನೆಲದ ಮಟ್ಟಕ್ಕೆ ಇಳಿಸಿದೆ. ಮೇಷ್ಟ್ರು, ಹೊಸ್ತಿಲೇ ಇಲ್ಲದ ಮನೆ ಎಲ್ಲಾದ್ರೂ ಉಂಟೇನ್ರಮ್ಮ ಎಂದು ಕೇಳಿದರು. ಮುದುಕಿ ದಾಟೋಕೆ ನೀವು ಬಂದು ಎತ್ತುತ್ತೀರಾ ಅಂದೆ. ಅವರು ಮತ್ತೆ ನೆಲ ತಟ್ಟತೊಡಗಿದರು.

ಕೊನೆಯ ದಿನ ಹಿಂದಿನ ಗೋಡೆಯ ಗಿಲಾವು ಇನ್ನೂ ಹಸಿ ಇದ್ದಾಗ ಒಂದು ಕೆಲಸ ಮಾಡಿದೆ. ನಿನ್ನ ಭಾವ ಕಟ್ಟಿದ ಪ್ರತಿ ಮನೆಯಲ್ಲೂ ಹಿಂದಿನ ಕಿಟಕಿಯ ಕೆಳಗೆ ಹೆಬ್ಬೆರಳಿನಿಂದ ಮೂರು ಸಲ ಒತ್ತುತ್ತಿದ್ದರು, ತಂದೆಗೆ, ಮಗನಿಗೆ, ಪವಿತ್ರಾತ್ಮನಿಗೆ ಎಂದು. ಮುಂದೆ ಯಾಕೆ ಒತ್ತಲ್ಲ ಎಂದು ಕೇಳಿದ್ದಕ್ಕೆ, ದೇವರು ಹಿಂದಿನಿಂದಲೂ ನೋಡ್ತಾನೆ ಕಣೆ ಅನ್ನುತ್ತಿದ್ದರು. ನಾನೂ ಹಾಗೇ ಒತ್ತಿದೆ. ನನ್ನ ಬಲಗೈ ಹೆಬ್ಬೆರಳು ಇಟ್ಟಿಗೆ ಬಿದ್ದು ಸೊಟ್ಟಗಾದದ್ದು ನಿನಗೆ ಗೊತ್ತೇ ಇದೆ. ಮೂರು ಗುಳಿಯೂ ಎಡಕ್ಕೆ ವಾಲಿ ಬಿದ್ದವು.

ಮಧ್ಯಾಹ್ನ ಬಾಗಿಲ ಮುಂದೆ ಎಲ್ಲರೂ ಕೀರ್ತನೆ ಹಾಡಿದೆವು. ಬೀಗದ ಕೈಯನ್ನು ಅಕ್ಕನೇ ಕೊಡಲಿ ಎಂದೆ ನೀನು. ಕೊಟ್ಟೆ. ಅವಳು ನನ್ನ ಎರಡೂ ಕೈ ಹಿಡಿದು, ಅಳುತ್ತಾ, ಉದ್ದಕ್ಕೆ ಏನೋ ಹೇಳಿದಳು. ಏನಂತೆ ಎಂದು ಕೇಳಿದೆ. ನಿಮಗೋಸ್ಕರ ದಿನಾ ಪ್ರಾರ್ಥನೆ ಮಾಡ್ತೀನಿ ಅಂತಿದ್ದಾಳೆ, ತಲೆ ಆಡಿಸಕ್ಕಾ ಅಂದೆ. ಅಷ್ಟುದ್ದದ ಮಾತು ಇಷ್ಟೇನಾ ಅನ್ನಿಸಿತು. ಆದರೂ ತಲೆಯಾಡಿಸಿದೆ. ನಗುತ್ತಾ, ಎರಡೆರಡು ಸಲ ಆಡಿಸಿದೆ.

ಬಂದ ಮೇಲೆ ಒಂದು ವರ್ಷ ನೀನು ನನ್ನನ್ನು ಸಭೆಯಿಂದ ಸಭೆಗೆ ಕರೆದುಕೊಂಡು ಹೋದೆ. ನಾನು ಏಳು ಕಡೆ ಸಾಕ್ಷಿ ಹೇಳಿದೆ. ಓದು ಬರಹ ಕಡಿಮೆಯ ಹೆಂಗಸು ನಿಂತು ಬುಟ್ಟಿಯವಳ ಕಥೆ ಹೇಳಿದರೆ ಗಂಡಸರೂ ಕಣ್ಣೊರೆಸಿಕೊಳ್ಳುತ್ತಿದ್ದರು. ನಮ್ಮ ಹಿಂದಿನ ಬೆಂಚಿನ ಮುದಿ ಬಡಗಿ ನನ್ನ ಮಾತು ಕೇಳಿಯೇ ಈಗ ಮೂರನೆಯ ತಂಡದಲ್ಲಿ ಹೊರಟಿರುವುದು. ಕಣ್ಣು ಅರ್ಧ ಕಾಣುವುದಿಲ್ಲ, ಆದರೂ ಅಲ್ಲಿ ಕಟ್ಟುವ ಮನೆಯ ಬಾಗಿಲಿಗೆಂದು ಹಿತ್ತಾಳೆ ಚಿಲಕ ಒಂದನ್ನು ಮೂರು ತಿಂಗಳಿಂದ ಅರ ಹಾಕಿ ಉಜ್ಜುತ್ತಿದ್ದಾರೆ. ಸಿಕ್ಕಾಗಲೆಲ್ಲ ಜೇಬಿನಿಂದ ತೆಗೆದು ತೋರಿಸುತ್ತಾರೆ. ನನ್ನ ಮೊಮ್ಮಕ್ಕಳ ಮುಖಕ್ಕಿಂತ ಇದನ್ನೇ ಹೆಚ್ಚು ಒರೆಸಿದೀನಮ್ಮ ಅನ್ನುತ್ತಾರೆ.

ಮೊಣಕಾಲು ನೋವೆಂದು ಎರಡನೆಯ ತಂಡದ ಜೊತೆ ನಾನು ಹೋಗಲಿಲ್ಲ. ಅವರು ಬಂದು, ಹೋದ ಭಾನುವಾರ ಆರಾಧನೆಯಾದ ಮೇಲೆ ಚಹಾದ ಮೇಜಿನ ಮೇಲೆ ಫೋಟೋ ಹರವಿದರು. ಒಂದರಲ್ಲಿ ಬಾಗಿಲ ಮುಂದೆ ಯಾರೋ ಗಂಡ ಹೆಂಡತಿ ಬೀಗದ ಕೈ ಹಿಡಿದು ನಿಂತಿದ್ದಾರೆ. ಹೊಸ ಸಂಸಾರ, ಹೊಸ ಮನೆ, ಸ್ತೋತ್ರ ಎಂದುಕೊಂಡೆ. ಇನ್ನೊಂದರಲ್ಲಿ ಹುಡುಗಿಯರು ಮನೆಯ ಹಿಂದಿನ ನೀರಿನ ಡ್ರಮ್ಮಿನ ಹತ್ತಿರ ಕೈ ತೊಳೆಯುತ್ತಿದ್ದಾರೆ. ಅವರ ತಲೆಗಳ ನಡುವೆ, ಕಿಟಕಿಯ ಕೆಳಗೆ, ಮೂರು ಗುಳಿ. ಮೂರೂ ಎಡಕ್ಕೆ ವಾಲಿವೆ.

ಚಹಾದ ಲೋಟ ಕೈಯಲ್ಲೇ ಆರಿತು. ಮೊದಲಿನ ಫೋಟೋವನ್ನು ಮತ್ತೆ ಎತ್ತಿಕೊಂಡು ನೋಡಿದೆ. ನಾನು ಇಳಿಸಿದ್ದ ಹೊಸ್ತಿಲ ಮೇಲೆ ಒಂದು ಸಾಲು ಇಟ್ಟಿಗೆ ಏರಿಸಿದ್ದರು.

ಮಂಗಳವಾರ ಬಂದು ಕೇಳಿದಾಗ ನೀನು ಈರುಳ್ಳಿ ಹೆಚ್ಚುತ್ತಿದ್ದೆ. ಅದು ನನ್ನ ಹೆಬ್ಬೆರಳು ಕಣೇ ಅಂದೆ ನಾನು. ನಿನ್ನ ಕೈ ಒಂದು ಕ್ಷಣವೂ ನಿಲ್ಲಲಿಲ್ಲ. ಆಗಲೇ ತಿಳಿಯಿತು ನನಗೆ. ಗೊತ್ತಿಲ್ಲದವರ ಕೈ ನಿಲ್ಲುತ್ತದೆ.

ನೀನು ಹೇಳಿದ್ದೆಲ್ಲ ಅಕ್ಷರ ಅಕ್ಷರ ನೆನಪಿದೆ. ಹತ್ತು ದಿನದಲ್ಲಿ ಯಾರ ಕೈಲಾದ್ರೂ ಮನೆ ಕಟ್ಟೋಕಾಗತ್ತಾ, ಮೇಸ್ತ್ರಿ ಹೆಂಡತಿ ನೀನೇ ಹೇಳು ಅಂದೆ. ತಂಡ ಬರೋ ಮುಂಚೆ ತಗಡು ಇಳಿಸಿ, ಮುಂದಿನ ಗೋಡೆ ಕೆರೆದು ಇಡ್ತಾರೆ, ಹಿಂದಿನದನ್ನ ಯಾರು ನೋಡ್ತಾರೆ ಅಂತ ಬಿಟ್ಟಿರಬೇಕು ಅಂದೆ. ಜನಕ್ಕೆ ಒಂದು ಮನೆ ಕಣ್ಣಿಗೆ ಕಾಣಬೇಕಕ್ಕಾ, ಅಳೋ ಹೆಂಗಸು ಬೇಕು, ಬೀಗದ ಕೈ ಬೇಕು, ಆಮೇಲೇ ಕೈ ಬಿಚ್ಚೋದು, ಬಂದದ್ದೆಲ್ಲ ಅಲ್ಲಿನ ಮಕ್ಕಳ ಆಸ್ಪತ್ರೆಗೇ ಹೋಗತ್ತೆ, ನಮ್ಮ ಪಾದ್ರಿ ಅಯ್ಯನವರಿಗೂ ಇದು ಗೊತ್ತಿಲ್ಲ, ನಾನು ಒಂದು ಕಾಸು ಮುಟ್ಟಿಲ್ಲ ಅಂದೆ. ನಂಬುತ್ತೇನೆ. ನೀನು ಕದಿಯುವವಳಲ್ಲ. ಕದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಬುಟ್ಟಿಯವಳು ಅವತ್ತು ನಿಜವಾಗಿ ಏನಂದಳು ಎಂದು ಕೇಳಿದೆ. ನೀನು ಆಗ ಚಾಕು ಕೆಳಗಿಟ್ಟೆ. ಇಲ್ಲಿ ಎಷ್ಟು ದಿನ ಇರಬಹುದು, ಅಮ್ಮನ ಹಾಸಿಗೆ ತರೋದಾ ಬೇಡ್ವಾ ಅಂತ ಕೇಳಿದ್ಳು, ಅಷ್ಟೇ ಅಂದೆ.

ಅಷ್ಟೇ!

ಗಿಣೀ, ಅವಳು ಕೇಳಿದ್ದು ನನ್ನನ್ನು. ತಲೆಯಾಡಿಸಿದವಳು ನಾನು. ಹಾಸಿಗೆ ತಾ ಎಂದು ಅವಳಿಗೆ ಮಾತು ಕೊಟ್ಟವಳು ನಾನು. ತಂದಿದ್ದಳಂತೆ. ನಮ್ಮ ಬಸ್ಸು ತಿರುವು ದಾಟಿದ ಮೇಲೆ ಟೋಪಿಯವ ಬೀಗದ ಕೈ ಕೇಳಿ ಇಸಿದುಕೊಂಡು, ಹಾಸಿಗೆಯನ್ನು ಹೊರಗಿಟ್ಟನಂತೆ. ಎರಡು ಮೂಟೆ ಅಕ್ಕಿ ಕೊಟ್ಟು ಕಳಿಸಿದಾರೆ, ಬರಿಗೈಲೇನೂ ಕಳಿಸಿಲ್ಲ ಎಂದು ನೀನು ಹೇಳಿದಾಗ ನಿನ್ನ ಮುಖ ನೋಡಲಾಗದೆ ನಾನು ಒಲೆ ನೋಡಿದೆ. ಅಮ್ಮ ಹೋದಾಗ ನಿನಗೆ ನಾಲ್ಕು ವರ್ಷ. ನಿನ್ನ ಜಡೆ ನಾನೇ ಹೆಣೆದೆ. ನೀನು ಓದಲೆಂದೇ ಐದನೇ ಇಯತ್ತೆಗೆ ನನ್ನ ಶಾಲೆ ನಿಲ್ಲಿಸಿಕೊಂಡೆ, ಅದಕ್ಕೆ ಇವತ್ತಿಗೂ ಬೇಸರವಿಲ್ಲ. ಆದರೆ ನಾನು ಓದಿಸಿದ ಬಾಯಿಯಿಂದಲೇ ನನ್ನ ಕಣ್ಣಿಗೆ ಮಣ್ಣೆರಚಿದೆಯಲ್ಲ. ಹೊರಗಿನವರಾಗಿದ್ದರೆ ಬೈದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ನಿನಗೆ ಯಾವ ಬಾಗಿಲು ಹಾಕಲಿ?

ಈ ಭಾನುವಾರ ಮೂರನೆಯ ತಂಡವನ್ನು ಕಳಿಸಿಕೊಡುವ ಆರಾಧನೆ. ಎಂದಿನಂತೆ ನನ್ನ ಸಾಕ್ಷಿ ಇಟ್ಟಿದ್ದಾರೆ. ಒಂದೇ ಒಂದು ಸಲ ಹೇಳಿಬಿಡಕ್ಕಾ, ಆಮೇಲೆ ಮೊಣಕಾಲಿನ ನೆಪ ಹೇಳಿ ನಿನ್ನನ್ನ ಬಿಡಿಸ್ತೀನಿ ಎಂದು ಬೇಡಿಕೊಂಡೆ ನೀನು. ಆಗಲ್ಲ. ದೇವರ ಮನೆಯಲ್ಲಿ ಏಳು ಸಲ ತಿಳಿಯದೆ ಸುಳ್ಳು ಹೇಳಿದ್ದೇನೆ, ಎಂಟನೆಯದನ್ನು ತಿಳಿದು ಹೇಳಲಾರೆ. ಆ ಬಡಗಿಯ ಚಿಲಕವನ್ನು ತಿರುಪು ಬಿಚ್ಚಿ ತೆಗೆದು ಮತ್ತೆ ಇನ್ಯಾರ ಕೈಲೋ ಹಾಕಿಸುವುದಕ್ಕೆ ನಾನು ಬಿಡುವುದಿಲ್ಲ.

ಎರಡನೆಯ ಕೀರ್ತನೆಯಾದ ಮೇಲೆ ಅಯ್ಯನವರು ನನ್ನ ಹೆಸರು ಕರೆಯುತ್ತಾರೆ. ಅದಕ್ಕೆ ಮೊದಲು ನೀನೇ ಎದ್ದು ನಿಂತು ಹೇಳಿದರೆ ನಾನು ಬಂದು ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ. ಯಾರು ಏನಂದರೂ ಅರ್ಧ ನನ್ನ ಮೇಲೆ ಬೀಳಲಿ. ನೀನು ಏಳದಿದ್ದರೆ ನಾನು ಹೇಳುತ್ತೇನೆ, ನಿನ್ನ ಹೆಸರು ಸೇರಿಸಿಯೇ. ಆಮೇಲೆ ನೀನು ಮಾತು ಬಿಟ್ಟರೂ ಸರಿ, ಅಕ್ಕ ಸತ್ತಳು ಅಂದುಕೊಂಡರೂ ಸರಿ.

ಬುಟ್ಟಿಯವಳು ಈಗ ಎಲ್ಲಿದ್ದಾಳೆ ಎಂದು ಅಲ್ಲಿಯ ನಿನ್ನ ಹಳೆಯ ನರ್ಸುಗಳ ಹತ್ತಿರ ವಿಚಾರಿಸು. ಅದೇ ಮೆಟ್ಟಿಲ ಕೆಳಗಿದ್ದರೆ ಹೋಗುತ್ತೇನೆ. ನೀನು ಬಂದರೆ ಮಾತಿಗೆ ಆಗುತ್ತೀಯ. ಬರದಿದ್ದರೆ ಬೆರಳು ತಿರುಗಿಸಿ ಹೇಳಿಕೊಳ್ಳುತ್ತೇನೆ, ಅವಳಿಗೆ ತಿಳಿಯುತ್ತದೆ. ಅವಳ ಹೆಸರಿಗೇ ಇರುವ ಜಾಗವಾಗಬೇಕು. ಒಂದು ಕೋಣೆಯಾದರೆ ಸಾಕು, ಹೊಸ್ತಿಲು ಬೇಡ. ಹತ್ತು ದಿನವಲ್ಲ, ಎಷ್ಟು ತಿಂಗಳು ಹಿಡಿದರೂ ಸರಿ.

ನಿನ್ನನ್ನು ಎತ್ತಿ ಆಡಿಸಿದ,
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಅಲ್ಲಿ ಎರಡನೆಯ ದಿನ ಮೇಲಿನ ತಗಡು ಹೊಡೆಯುವಾಗ ನೋಡಿದೆ, ಪ್ರತಿ ತಗಡಿನಲ್ಲೂ ಆಗಲೇ ಎರಡೆರಡು ಸಾಲು ಮೊಳೆಯ ತೂತುಗಳಿದ್ದವು. ಮುಂದಿನ ಗೋಡೆ ಕೆರೆದರೆ ಒಳಗಿನಿಂದ ಹಳೆಯ ಗಿಲಾವು ಹಪ್ಪಳದ ಹಾಗೆ ಎದ್ದು ಬಂತು. ಇಪ್ಪತ್ತೈದು ವರ್ಷ ಗಾರೆಯಲ್ಲಿ ಕೈ ಇಟ್ಟವಳಿಗೆ ಇದರ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ. ನಿನ್ನನ್ನು ಕೇಳಬೇಕೆಂದು ಏಣಿ ಇಳಿಯುತ್ತಿದ್ದೆ. ಅಷ್ಟರಲ್ಲಿ ಕೆಳಗಿನಿಂದ ಮೇಷ್ಟ್ರು ಗೋಡೆಯ ಮೂಲೆ ತೋರಿಸಿ, ಇದು ಸರೀನಾ ನೋಡಿ ಮೇಸ್ತ್ರಿ ಎಂದು ಕೂಗಿದರು. ನನ್ನನ್ನೇ. ಆಯುಷ್ಯದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಹಾಗೆ ಕರೆದದ್ದು. ಮೂಲೆ ನೋಡಿ ಸರಿಯಿದೆ ಎಂದು ಹೇಳಿ ಮತ್ತೆ ಏಣಿ ಹತ್ತಿದೆ. ಆ ಹಳೆಯ ತೂತುಗಳನ್ನೆಲ್ಲ ಒಂದೊಂದಾಗಿ ಡಾಂಬರು ಹಾಕಿ ಮುಚ್ಚಿದವಳು ನಾನೇ. ಮೇಲೆ ತಿಳಿಯದೆ ಎಂದು ಬರೆದಿದ್ದೇನಲ್ಲ, ಅದನ್ನು ಹೊಡೆದು ಹಾಕಿಕೊಂಡು ಓದು. ಭಾನುವಾರ ನಿನ್ನದನ್ನು ಹೇಳುವ ಮೊದಲು ಇದನ್ನು ಹೇಳುತ್ತೇನೆ.