ಬಕೆಟ್ ಗುರುತು

ಫೆಬ್ರವರಿ 3, ಬೆಳಿಗ್ಗೆ 6.30

ಮೆಟ್ಟಿಲಿನ ಲೆಕ್ಕ ಮೂರನೇ ಸಲ ನೋಡಿದೆ. ಸರಿಯಿದೆ. ಎರಡನೇ ಸಲವೂ ಸರಿಯಿತ್ತು. ಇವರು ಕಾಫಿ ತಂದಿಟ್ಟು, "ಇನ್ನೊಂದ್ಸಲ ನೋಡು, ಅಷ್ಟೊತ್ತಿಗೆ ಆ ಕಬ್ಬಿಣಕ್ಕೇ ಬೇಜಾರಾಗಿ ತುಕ್ಕು ಹಿಡಿಯುತ್ತೆ" ಎಂದು ಹೋದರು. ಗಣಿತದ ಮೇಷ್ಟ್ರು. ರಿಟೈರ್ ಆದಮೇಲೆ ಕಾಲೆಳೆಯಲು ನಾನೊಬ್ಬಳೇ ಸಿಕ್ಕಿರುವುದು.

ಹತ್ತು ಗಂಟೆಗೆ ಡ್ರಾಯಿಂಗ್‌ಗಳನ್ನು ಆಚೆ ಕಳಿಸಬೇಕು. ಆಚೆ ಎಂದರೆ ಹೊಳೆಯಾಚೆ, ಬೇರೆ ದೇಶ. ಬಸ್ಸಿನಲ್ಲಿ ಎರಡೂವರೆ ಗಂಟೆ, ಅದರಲ್ಲಿ ಮುಕ್ಕಾಲು ಗಂಟೆ ಗಡಿಯ ಕ್ಯೂ. ಹೋದ ವರ್ಷ ಎರಡೂ ಸರ್ಕಾರದವರು ಒಪ್ಪಂದ ಮಾಡಿಕೊಂಡಮೇಲೆ ಇಲ್ಲಿನ ಎಂಜಿನಿಯರ್ ಅಲ್ಲಿ ಕೆಲಸ ಮಾಡಬಹುದು, ಅಲ್ಲಿನವರು ಇಲ್ಲಿ. ಆದರೆ ಮೊದಲ ಕೆಲಸಕ್ಕೆ ಅಲ್ಲಿಯವರೊಬ್ಬರ ಜೊತೆ ಸಹಿ ಬೇಕು. ಅದು ಸುಸೂತ್ರವಾಗಿ ಮುಗಿದರೆ ಅಲ್ಲಿಯ ಪರಿಷತ್ತು ಒಂದು ನಂಬರ್ ಕೊಡುತ್ತದೆ. ಆಮೇಲೆ ನನ್ನ ಸಹಿ ಒಂದೇ ಸಾಕು.

ನನ್ನ ಮೊದಲ ಕೆಲಸ — ಮಕ್ಕಳ ಲೈಬ್ರರಿಗೆ ಹೊರಗಡೆಯಿಂದ ಕಬ್ಬಿಣದ ಮೆಟ್ಟಿಲು. ಹದಿನೆಂಟು ಮೆಟ್ಟಿಲು ಹತ್ತಬೇಕು, ಮೇಲೆ ನಿಲ್ಲುವುದಕ್ಕೊಂದು ಕಟ್ಟೆ, ಎಡಕ್ಕೆ ತಿರುಗಿದರೆ ಬಾಗಿಲು. ಅಷ್ಟೇ. ಐವತ್ತೇಳನೇ ವಯಸ್ಸಿಗೆ ಹದಿನೆಂಟು ಮೆಟ್ಟಿಲಿಗಾಗಿ ಎದೆ ಡವಡವ ಎನ್ನುತ್ತಿದೆ. ಯಾರಿಗೂ ಹೇಳುವ ಹಾಗಿಲ್ಲ, ಇಲ್ಲಿ ಬರೆದುಕೊಂಡೆ.

ಫೆಬ್ರವರಿ 5, ಬಸ್ಸಿನಲ್ಲಿ, ಮಧ್ಯಾಹ್ನ

ಸೈಟ್ ನೋಡಿ ವಾಪಸ್ಸು. ಅಲ್ಲಿಯ ಬಸ್ ನಿಲ್ದಾಣದಲ್ಲಿ ಇಳಿದಾಗಲೂ ಹತ್ತುವಾಗಲೂ ಕತ್ತು ತಾನಾಗಿ ಮೇಲಕ್ಕೆ ಹೋಗುತ್ತದೆ. ಆ ಚಾವಣಿ ನನ್ನದು. ಇಪ್ಪತ್ತಾರು ವರ್ಷದ ಹಿಂದೆ ಲೆಕ್ಕ ಹಾಕಿದ್ದು ನಾನು. ಆಗ ನಮ್ಮ ಸಹಿ ಅಲ್ಲಿ ನಡೆಯುತ್ತಿರಲಿಲ್ಲ. ಅಲ್ಲಿಯ ಕಂಪನಿಯವರು ತಮ್ಮ ಹೆಸರು ಹಾಕಿಕೊಂಡರು. ಕಂಬದ ಮೇಲಿನ ಕಲ್ಲಿನಲ್ಲಿ ಉದ್ಘಾಟಿಸಿದವರ ಹೆಸರಿದೆ, ಗುತ್ತಿಗೆದಾರರ ಹೆಸರಿದೆ, ಬಣ್ಣ ಹೊಡೆದವರ ಹೆಸರೂ ಇದೆ.

ಒಂದು ಹನಿ ಸೋರಿಲ್ಲ ಇವತ್ತಿನವರೆಗೆ. ಪಕ್ಕ ಕೂತಿದ್ದ ಅಜ್ಜಿಗೆ ಹೇಳಿಬಿಡೋಣ ಅನ್ನಿಸಿತು. ಹೇಳಿಯೂಬಿಟ್ಟೆ. "ಹೌದೇನಮ್ಮಾ? ಹಾಗಾದ್ರೆ ಇನ್ನೆರಡು ಬೆಂಚು ಹಾಕಿಸಬಾರದಿತ್ತಾ?" ಎಂದರು.

ಫೆಬ್ರವರಿ 8

ಇವತ್ತು ಬರೆಯುವಂಥದ್ದು ಏನೂ ಇಲ್ಲ. ಜೊತೆ ಸಹಿಯವರು ಡ್ರಾಯಿಂಗ್ ನೋಡಿ, ಸಹಿ ಹಾಕಿ, ಕಬ್ಬಿಣದ ಕೆಲಸ ಮಾಡುವ ಶೆಡ್ಡಿಗೆ ಕೊಟ್ಟರಂತೆ. ಒಳ್ಳೆಯ ಮನುಷ್ಯ. ಅಳೆದೂ ತೂಗಿ ಮಾತಾಡುತ್ತಾರೆ. ಹೊಟ್ಟೆ ತುಂಬಾ ಊಟ ಮಾಡಿದೆ.

ಫೆಬ್ರವರಿ 19, ಸಂಜೆ 4

ಶೆಡ್ಡಿನ ಯಜಮಾನಿಯ ಫೋನ್. ದನಿ ಗಟ್ಟಿ, ಹಿಂದೆ ಸುತ್ತಿಗೆಯ ಸದ್ದು.

"ಮೇಡಂ, ಮೆಟ್ಟಿಲು ಎತ್ತಿ ನಿಲ್ಲಿಸಿದ್ವಿ. ಕಲ್ಲು ಇದ್ದ ಹಾಗಿದೆ. ಆದ್ರೆ ಹತ್ತಿ ಹೋದ್ರೆ ಲೈಬ್ರರಿ ಸಿಗಲ್ಲ."

"ಮತ್ತೇನು ಸಿಗುತ್ತೆ?"

"ಪಕ್ಕದ ಮನೆಯವರ ನೀರಿನ ಟ್ಯಾಂಕು."

ಕಟ್ಟೆ ಎಡಕ್ಕೆ ತೆರೆಯುವ ಬದಲು ಬಲಕ್ಕೆ ತೆರೆದಿದೆ. ಎಡಕ್ಕೆ ಭದ್ರವಾಗಿ ಕಂಬಿಯ ಕಟಕಟೆ ಹಾಕಿದ್ದಾರೆ, ಬಾಗಿಲಿಗೆ ಅಡ್ಡಲಾಗಿ.  ನಾಳೆ ಮೊದಲ ಬಸ್ಸಿಗೆ ಹೋಗಬೇಕು.

ಫೆಬ್ರವರಿ 20, ವಾಪಸ್ ಬರುವ ಬಸ್ಸಿನಲ್ಲಿ

ತಪ್ಪು ನಮ್ಮದೇ. ಬರೆದುಕೊಂಡರೆ ಸ್ವಲ್ಪ ಸಮಾಧಾನ.

ಒಂದು ವಸ್ತುವನ್ನು ಎಡಗಡೆ ನಿಂತು ನೋಡಿದಾಗ ಕಾಣುವುದನ್ನು ನಾವು ಹಾಳೆಯಲ್ಲಿ ಬಲಗಡೆ ಬರೆಯುತ್ತೇವೆ. ಅವರು ಎಡಗಡೆಯೇ ಬರೆಯುತ್ತಾರೆ. ಎರಡೂ ಸರಿ, ಆದರೆ ಒಂದನ್ನು ಇನ್ನೊಂದೆಂದು ಓದಿದರೆ ಎಡ ಬಲವಾಗಿಬಿಡುತ್ತದೆ. ಯಾವ ಪದ್ಧತಿಯಲ್ಲಿ ಬರೆದದ್ದು ಎಂದು ಹೇಳಲು ಹಾಳೆಯ ಮೂಲೆಯಲ್ಲಿ ಒಂದು ಪುಟ್ಟ ಗುರುತು ಇರಬೇಕು. ಅಡ್ಡ ಮಲಗಿಸಿದ ಬಕೆಟ್, ಪಕ್ಕದಲ್ಲಿ ಒಂದರೊಳಗೊಂದು ಎರಡು ವೃತ್ತ. ಬಕೆಟ್‌ನ ಯಾವ ಪಕ್ಕಕ್ಕೆ ವೃತ್ತ ಇದೆ ಎಂದು ನೋಡಿದರೆ ತಿಳಿದುಹೋಗುತ್ತದೆ. ಕಾಲೇಜಿನ ಮೊದಲ ವಾರದ ಪಾಠ.

ಶೆಡ್ಡಿನ ಯಜಮಾನಿ ನನ್ನ ಹಾಳೆ ಹರಡಿದಳು. ಎಣ್ಣೆ ಮೆತ್ತಿದ ಬೆರಳಿನಿಂದ ಮೂಲೆ ತೋರಿಸಿದಳು.

"ಬಕೆಟ್ ಎಲ್ಲಿ ಮೇಡಂ? ಬಕೆಟ್ ಇಲ್ಲ ಅಂದ್ರೆ ನಮ್ಮ ಥರಾನೇ ಅಂದ್ಕೊಂಡ್ವಿ."

ಬಕೆಟ್ ಇಲ್ಲ. ಇರಬೇಕಾದ ಜಾಗದಲ್ಲಿ ನನ್ನ ಮೊಬೈಲ್ ನಂಬರ್ ಇದೆ. ನಮ್ಮ ಕಡೆ ಎಲ್ಲರೂ ಒಂದೇ ಥರ ಬರೆಯುವುದರಿಂದ ಅದನ್ನು ಯಾರೂ ಹುಡುಕುವುದೇ ಇಲ್ಲ. ಜೊತೆ ಸಹಿಯವರೂ ಹುಡುಕಿರಲಿಲ್ಲ. ಪಕ್ಕದಲ್ಲೇ ನಿಂತು ಕನ್ನಡಕ ಒರೆಸುತ್ತಿದ್ದರು, ಒರೆಸುತ್ತಲೇ ಇದ್ದರು.

ಕಟ್ಟೆ ಬಿಚ್ಚಿ, ಕಟಕಟೆ ಕತ್ತರಿಸಿ, ಈ ಕಡೆಯಿಂದ ಆ ಕಡೆಗೆ ಬೆಸೆಯಬೇಕು. ಹತ್ತು ದಿನವಾದರೂ ಬೇಕಂತೆ. ಮೆಟ್ಟಿಲಿಗೇನೂ ಆಗಿಲ್ಲ. ಪರಿಷತ್ತು ಕೊಡಬೇಕಾದ ನಂಬರಿನ ಗತಿ ಏನು?

ಫೆಬ್ರವರಿ 21

ಸ್ಕೇಲ್ ಅವರನ್ನು ಬೈದೆ. ಚೆನ್ನಾಗಿಯೇ ಬೈದೆ.

ಸ್ಕೇಲ್ ಎಂದರೆ ನಮ್ಮ ಡ್ರಾಫ್ಟ್ಸ್‌ಮನ್. ಶರ್ಟಿನ ಜೇಬಿನಲ್ಲಿ ಸದಾ ಒಂದು ಸ್ಟೀಲ್ ಸ್ಕೇಲ್, ಮದುವೆಮನೆಗೂ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವರು. ನಮ್ಮ ಮನೆಯ ಮುಂದಿನ ಕೋಣೆಯೇ ಆಫೀಸು. ಅಲ್ಲಿ ಇಪ್ಪತ್ತಾರು ವರ್ಷದಿಂದ ನಾನೊಂದು ಮೇಜು, ಅವರೊಂದು ಮೇಜು.

"ಹಾಳೆಯ ಚೌಕಟ್ಟು ಮಾಡಿದ್ದು ನೀವು. ಬಕೆಟ್ ತೆಗೆದದ್ದು ಯಾಕೆ?"

"ಅದು ಮೇಡಂ, ಆವಾಗ..."

"ಆವಾಗ ಇಲ್ಲ ಈವಾಗ ಇಲ್ಲ! ಇಷ್ಟು ವರ್ಷ ಗೆರೆ ಎಳೆದು ಕಲಿತಿದ್ದು ಇದೇನಾ?"

ಅವರು ಜೇಬಿನಿಂದ ಸ್ಕೇಲ್ ತೆಗೆದು ಮೇಜಿನ ಮೇಲಿಟ್ಟರು. ಊಟದ ಡಬ್ಬಿ ಎತ್ತಿಕೊಂಡು ಹೋದರು. ಒಳಗಿನಿಂದ ಇವರು ಇಣುಕಿ ನೋಡಿ ಹಾಗೇ ವಾಪಸ್ ಹೋದರು. ಇವರೂ ಮಾತಾಡಲಿಲ್ಲ ಎಂದರೆ ಪ್ರಕರಣ ದೊಡ್ಡದೇ.

ಫೆಬ್ರವರಿ 24, ಮಧ್ಯಾಹ್ನ

ಮೂರನೇ ದಿನ. ಸ್ಕೇಲ್ ಬಂದಿಲ್ಲ. ಫೋನ್ ಎತ್ತುವುದಿಲ್ಲ.

ಆ ಬಕೆಟ್ ಯಾವಾಗ ಹೋಯಿತು ಎಂದು ಸಾಬೀತು ಮಾಡಿ ತೋರಿಸೋಣ ಎಂದು ಅಟ್ಟದಿಂದ ಹಳೇ ಡ್ರಾಯಿಂಗ್‌ಗಳನ್ನು ಇಳಿಸಿದೆ. ಧೂಳಿಗೆ ಹನ್ನೊಂದು ಸೀನು. ಬಸ್ ನಿಲ್ದಾಣದ ಚಾವಣಿ ಸಿಕ್ಕಿತು. ಇಂಕಿನಲ್ಲಿ ಬರೆದದ್ದು, ಸ್ಕೇಲ್ ಅವರ ಕೈ, ಒಂದು ಗೆರೆಯೂ ನಡುಗಿಲ್ಲ. ಮೂಲೆಯಲ್ಲಿ ಮುದ್ದಾದ ಬಕೆಟ್. ಅದಕ್ಕೇ ಅದು ಆಚೆ ಹೋಗಿಯೂ ಸರಿಯಾಗಿ ನಿಂತಿದೆ.

ಕೆಳಗಡೆ ಇನ್ನೊಂದು ಹಾಳೆ. ಇಪ್ಪತ್ತು ವರ್ಷದ ಹಿಂದಿನದು, ನಾನು ಮೊದಲ ಮೊಬೈಲ್ ಕೊಂಡ ವರ್ಷದ್ದು. ಬಕೆಟ್ ಮೇಲೆ ಕೆಂಪು ಪೆನ್ಸಿಲ್ಲಿನಲ್ಲಿ ಕಾಟು. ಪಕ್ಕದಲ್ಲಿ — "ಇದು ಬೇಡ. ಇಲ್ಲಿ ನನ್ನ ಮೊಬೈಲ್ ನಂಬರ್ ಹಾಕಿ."

ನನ್ನ ಅಕ್ಷರ. ಕೆಳಗೆ ನನ್ನ ಸಹಿ ಬೇರೆ, ಸುರುಳಿ ಸುರುಳಿಯಾಗಿ.

ಅಟ್ಟದ ಏಣಿಯ ಮೇಲೇ ಕೂತುಬಿಟ್ಟೆ. ನಾಚಿಕೆಯಾಯಿತು. ಇವರು ಕೆಳಗಿನಿಂದ, "ಸಿಕ್ತಾ ಕಳ್ಳ?" ಎಂದು ಕೇಳಿದರು. ಸಿಕ್ಕಿದ ಎಂದೆ.

ಫೆಬ್ರವರಿ 25, ಬೆಳಿಗ್ಗೆ 11

ಸ್ಕೇಲ್ ಅವರ ಮನೆಗೆ ಹೋದೆ, ಸ್ಕೇಲ್ ಹಿಡಿದುಕೊಂಡು. ಅವರ ಹೆಂಡತಿ ಬಾಗಿಲು ತೆಗೆದು, "ಬನ್ನಿ ಬನ್ನಿ, ದಯವಿಟ್ಟು ಕರ್ಕೊಂಡು ಹೋಗಿ. ಮೂರು ದಿನದಲ್ಲಿ ಮನೆಯ ಕಿಟಕಿಯನ್ನೆಲ್ಲ ಅಳತೆ ತೆಗೆದು ಎಲ್ಲಾ ಸೊಟ್ಟಗಿದೆ ಅಂತ ಗೊಣಗ್ತಿದ್ದಾರೆ" ಎಂದರು.

ಕೆಂಪು ಪೆನ್ಸಿಲ್ಲಿನ ಹಾಳೆಯನ್ನು ಮುಂದಿಟ್ಟೆ. "ತಪ್ಪಾಯ್ತು" ಎಂದೆ. ಇಷ್ಟು ಚಿಕ್ಕ ಮಾತು, ಬಾಯಿಗೆ ಬರಲು ಎಷ್ಟು ಹೊತ್ತು!

"ನಿಮಗೆ ನೆನಪಿತ್ತಾ?"

"ಇತ್ತು ಮೇಡಂ."

"ಮತ್ತೆ ಹೇಳಬಾರದಿತ್ತಾ?"

"ಹೇಳೋಕೆ ಬಿಟ್ರೆ ತಾನೆ."

ಸ್ಕೇಲ್ ಜೇಬಿಗೆ ಹೋಯಿತು. ಹತ್ತೂವರೆಗೆ ಹೋದವಳು ಹನ್ನೊಂದಕ್ಕೆ ಅವರನ್ನೂ ಕರೆದುಕೊಂಡು ಆಫೀಸಿನಲ್ಲಿದ್ದೇನೆ. ಕೋಣೆ ತುಂಬಿದ ಹಾಗಿದೆ.

ಮಾರ್ಚ್ 3, ಬಸ್ಸಿನಲ್ಲಿ, ಸಂಜೆ

ಮೆಟ್ಟಿಲು ಸರಿಯಾಯಿತು. ನಾನೇ ಹತ್ತಿದೆ. ಎಡಕ್ಕೆ ತಿರುಗಿದೆ. ಬಾಗಿಲು! ಒಳಗೆ ಹೊಸ ಮರದ ವಾಸನೆ, ಖಾಲಿ ಕಪಾಟುಗಳು. ಶೆಡ್ಡಿನ ಯಜಮಾನಿ ಕೆಳಗಿನಿಂದ, "ಟ್ಯಾಂಕಿನವರು ಬೇಜಾರು ಮಾಡ್ಕೊಂಡಿದ್ದಾರೆ ಮೇಡಂ, ನೆಂಟರು ಬರ್ತಾರೆ ಅಂದ್ಕೊಂಡಿದ್ರು" ಎಂದು ಕೂಗಿದಳು. ಎಲ್ಲರೂ ನಕ್ಕೆವು.

ಆಮೇಲೆ ಜೊತೆ ಸಹಿಯವರು ಪಕ್ಕಕ್ಕೆ ಕರೆದರು. ಪರಿಷತ್ತಿಗೆ ಕೊಡಬೇಕಾದ ಫಾರಂ ತೆಗೆದರು. ಏಳನೇ ಪ್ರಶ್ನೆ — ವಿನ್ಯಾಸಕರ ಲೋಪದಿಂದ ಕಾಮಗಾರಿಯಲ್ಲಿ ತಿದ್ದುಪಡಿ ಬೇಕಾಯಿತೇ? ಹೌದು ಅಥವಾ ಇಲ್ಲ.

"ಇಲ್ಲ ಅಂತ ಹಾಕಿಬಿಡಿ ಮೇಡಂ. ಶೆಡ್ಡಿನವರು ಬಾಯಿ ಬಿಡಲ್ಲ. ಹೌದು ಅಂದ್ರೆ ಇನ್ನೆರಡು ವರ್ಷ ಜೊತೆ ಸಹಿ ಅಂತಾರೆ, ಇಲ್ಲಾಂದ್ರೆ ಅರ್ಜೀನೇ ವಾಪಸ್ ಕಳಿಸ್ತಾರೆ."

"ಯೋಚನೆ ಮಾಡ್ತೀನಿ" ಎಂದೆ. ಬಸ್ ನಿಲ್ದಾಣಕ್ಕೆ ಬಂದು ಚಾವಣಿಯ ಕೆಳಗೆ ಅರ್ಧ ಗಂಟೆ ಕೂತೆ.

ಮಾರ್ಚ್ 4, ಬೆಳಿಗ್ಗೆ

ಇವರನ್ನು ಕೇಳಿದೆ.

"ತಪ್ಪು ಉತ್ತರ ಬರೆದ ಹುಡುಗ ತಾನಾಗೇ ಬಂದು ಹೇಳಿದ್ರೆ ನಾನು ಅರ್ಧ ಮಾರ್ಕ್ ಕೊಡ್ತಿದ್ದೆ."

"ಪೂರ್ತಿ ಕೊಡ್ತಿರಲಿಲ್ವಾ?"

"ಉತ್ತರ ತಪ್ಪಲ್ವೇನೇ!"

ಎರಡು ವರ್ಷ ಎಂದರೆ ಐವತ್ತೊಂಬತ್ತು. ಆಮೇಲೆ ಯಾರು ಕೊಡುತ್ತಾರೆ ಕೆಲಸ... ಆಸೆ ಇದೆ. ತುಂಬಾ ಇದೆ. ಒಂದೇ ಒಂದು ಹಾಳೆಯ ಮೇಲಾದರೂ ಅಲ್ಲಿ ನನ್ನ ಹೆಸರೊಂದೇ ಇರಬೇಕು. ಆದರೆ ಆ ಹೆಸರಿನ ಕೆಳಗೆ ಏಳನೇ ಪ್ರಶ್ನೆಗೆ ಸುಳ್ಳು ಇದ್ದರೆ, ನಿಲ್ದಾಣದಲ್ಲಿ ಕತ್ತೆತ್ತಿ ನೋಡುವುದು ಹೇಗೆ?

"ಹೌದು" ಬರೆದೆ. ಬಕೆಟ್ ಕಥೆಯನ್ನು ಒಂದು ಪುಟದಲ್ಲಿ ಬರೆದೆ. ಮೊಬೈಲ್ ನಂಬರಿನ ವಿಷಯವನ್ನೂ ಬಿಡಲಿಲ್ಲ. ಕೆಂಪು ಪೆನ್ಸಿಲ್ಲಿನ ಹಾಳೆಯ ಪ್ರತಿ ಲಗತ್ತಿಸಿದೆ. ಲೋಪ ಕಚೇರಿಯ ಮುಖ್ಯಸ್ಥೆಯದು, ಡ್ರಾಫ್ಟ್ಸ್‌ಮನ್‌ರದಲ್ಲ ಎಂದು ಅಡಿಗೆರೆ ಎಳೆದೆ.

ಮಾರ್ಚ್ 9

ಜೊತೆ ಸಹಿಯವರು ಫೋನ್ ಮಾಡಿದರು. ಓದಿದರಂತೆ.  ಆಮೇಲೆ, "ನಿಮ್ಮ ಪುಟದ ಕೆಳಗೆ ನಾನೂ ಒಂದು ಸಾಲು ಸೇರಿಸಿದೀನಿ ಮೇಡಂ. ನೋಡದೆ ಸಹಿ ಹಾಕಿದ್ದು ನಾನು ಅಂತ" ಎಂದರು.

ಅಳೆದೂ ತೂಗಿಯೇ ಹೇಳಿದರು. ಕಣ್ಣು ತುಂಬಿ ಬಂತು. ಥ್ಯಾಂಕ್ಸ್ ಎಂದು ಫೋನ್ ಇಟ್ಟೆ.

ಏಪ್ರಿಲ್ 27, ಮಧ್ಯಾಹ್ನ 12.10

ಬಂತು.

ಏಳು ವಾರ ಈ ಪುಸ್ತಕ ಮುಟ್ಟಿರಲಿಲ್ಲ, ಅಪಶಕುನ ಎಂದಲ್ಲ, ಬರೆದರೆ ಬರೀ ಅದೇ ಬರೆಯುತ್ತಿದ್ದೆ.

ಲಕೋಟೆಯನ್ನು ಇವರು ಒಡೆದರು. ವಿವರಣೆ ಅಂಗೀಕೃತ. ನೋಂದಣಿ ಸಂಖ್ಯೆ ಕೊಟ್ಟಿದ್ದಾರೆ. ಸ್ವತಂತ್ರ ಸಹಿ! ಕೆಳಗೆ ದಪ್ಪಕ್ಷರದಲ್ಲಿ — ಇನ್ನುಮುಂದೆ ಪ್ರತಿ ಹಾಳೆಯ ಮೇಲೂ ಗುರುತು ಕಡ್ಡಾಯವಾಗಿ ಇರತಕ್ಕದ್ದು.

"ಪೂರ್ತಿ ಮಾರ್ಕು" ಎಂದು ಇವರು ನನ್ನ ತಲೆ ಸವರಿದರು. ಸ್ಕೇಲ್ ಪತ್ರವನ್ನು ಎರಡು ಸಲ ಓದಿ, ಅಂಚು ಸೊಟ್ಟ ಕತ್ತರಿಸಿದ್ದಾರೆ ಎಂದರು. ಇಷ್ಟು ಖುಷಿ ನನಗೆ ಯಾವತ್ತು ಆಗಿತ್ತೋ ಗೊತ್ತಿಲ್ಲ.

ಏಪ್ರಿಲ್ 30, ಬೆಳಿಗ್ಗೆ 10

ಆಚೆಯ ಎರಡನೇ ಕೆಲಸ. ಅದೇ ಲೈಬ್ರರಿಯವರದು, ಸೈಕಲ್ ನಿಲ್ಲಿಸುವುದಕ್ಕೊಂದು ಚಾವಣಿ. ಮೊದಲ ಹಾಳೆ ಪ್ರಿಂಟ್ ಆಯಿತು. ಮೂಲೆಯಲ್ಲಿ ಬಕೆಟ್, ಎದ್ದು ಕಾಣುವಷ್ಟು ದೊಡ್ಡದು. ಪಕ್ಕದಲ್ಲಿ ನನ್ನ ಸಹಿಗೆ ಒಂದು ಚೌಕ, ಅದರ ಪಕ್ಕ ಜೊತೆ ಸಹಿಯ ಚೌಕ, ಹಳೆಯದು, ಹಾಗೇ ಉಳಿದಿದೆ. ಅದರಾಚೆ, ಬಕೆಟ್‌ಗೆ ಜಾಗ ಬಿಟ್ಟು ಸರಿದ ನನ್ನ ಮೊಬೈಲ್ ನಂಬರ್.

"ಈ ಚೌಕ ಇನ್ನು ಬೇಡ ಅಲ್ವಾ ಮೇಡಂ, ಅಳಿಸಲಾ?" ಎಂದು ಸ್ಕೇಲ್ ಕೇಳಿದರು.

ಅಳಿಸಿ ಎನ್ನಲು ಬಾಯಿ ತೆರೆದೆ. ಬಸ್ ನಿಲ್ದಾಣದ ಆ ಇಂಕಿನ ಹಾಳೆ ನೆನಪಾಯಿತು. ಅದರಲ್ಲಿ ನನ್ನ ಹೆಸರಿರಲಿಲ್ಲ ಎಂದು ಇಪ್ಪತ್ತಾರು ವರ್ಷ ಕೊರಗಿದೆ. ಗೆರೆ ಎಳೆದವರ ಹೆಸರೂ ಇರಲಿಲ್ಲ. ನನ್ನದೇ ಆಫೀಸಿನ ಯಾವ ಹಾಳೆಯಲ್ಲಿಯೂ ಇಲ್ಲ. ಎರಡು ಇನಿಷಿಯಲ್, ಅಷ್ಟೇ.

"ಬೇಡ. ಮೇಲೆ 'ಚಿತ್ರ ಬರೆದವರು' ಅಂತ ಹಾಕಿ, ಅದರಲ್ಲಿ ನಿಮ್ಮ ಹೆಸರು ಬರೀರಿ. ಪೂರ್ತಿ ಹೆಸರು."

ನನ್ನ ಮುಖ ನೋಡಿದರು. ಕಂಪ್ಯೂಟರ್ ಕಡೆ ತಿರುಗಿದರು. ಒಂದೊಂದೇ ಅಕ್ಷರ ಕುಟ್ಟಿದರು. ತಂದೆಯ ಹೆಸರು, ಮನೆತನದ ಹೆಸರು, ಆಮೇಲೆ ತಮ್ಮದು. ಇಷ್ಟು ಉದ್ದದ ಹೆಸರು ಎಂದು ನನಗೆ ಇವತ್ತೇ ಗೊತ್ತಾದದ್ದು. ಚೌಕದಲ್ಲಿ ಹಿಡಿಸಲಿಲ್ಲ.

"ಜಾಗ ಸಾಲ್ತಿಲ್ಲ ಮೇಡಂ" ಎಂದರು. 

"ಆ ಮೊಬೈಲ್ ನಂಬರ್ ತೆಗೆದುಬಿಡಿ" ಎಂದೆ. ಅವರು ಕನ್ನಡಕ ತೆಗೆದು ಒರೆಸಿ, ಜೇಬಿನ ಸ್ಕೇಲ್ ಮುಟ್ಟಿಕೊಂಡು, ನಂಬರ್ ಅಳಿಸಿ ಚೌಕವನ್ನು ಅಲ್ಲಿಯವರೆಗೆ ಎಳೆದರು. ಹೆಸರು ಪೂರ್ತಿ ಹಿಡಿಸಿತು.