ರೊಟ್ಟಿ ಮುಟ್ಟಿ ಕೊಟ್ಟ ಮಾತು

ಕೊಚ್ಕೋರ್
ಜುಲೈ ೨೮, ಭಾನುವಾರ

ನನ್ನ ಮುದ್ದಿನ ಸೊಸೆ ಚೋಲ್ಪೋನ್,

ಹೇಗಿದ್ದೀಯಮ್ಮಾ? ಸೊಂಟದ ನೋವು ಇಳಿಯಿತೇ? ಬೇಕರಿಯಲ್ಲಿ ಹಿಟ್ಟಿನ ಮೂಟೆ ಎತ್ತುವಾಗ ಮೊಣಕಾಲು ಬಗ್ಗಿಸಿ ಎತ್ತು ಎಂದು ಎಷ್ಟು ಸಲ ಹೇಳಿದರೂ ನೀನು ಕೇಳುವವಳಲ್ಲ. ನಿನ್ನ ಗಂಡ ತಿಲೆಕ್ ಎದೆಯುರಿಗೆ ಮಾತ್ರೆ ನುಂಗುತ್ತಿದ್ದಾನೋ, ಇಲ್ಲ ಅವರಪ್ಪನ ಹಾಗೆ ನಾಳೆ ನಾಳೆ ಎಂದು ದೂಡುತ್ತಿದ್ದಾನೋ? ಅತ್ತೆಯ ಮಗನೆಂದು ಹಿಂಜರಿಯಬೇಡ, ನಾಲ್ಕು ಬೈದು ಬುದ್ಧಿ ಹೇಳು. ನಾನು ಚೆನ್ನಾಗಿದ್ದೇನೆ. ಹಸು ಹೆಣ್ಣು ಕರು ಹಾಕಿದೆ. ಆಲೂಗಡ್ಡೆ ಹೂ ಬಿಟ್ಟಿದೆ. ಇನ್ನೊಂದು ಹಲ್ಲು ಬಿತ್ತು, ಈಗ ಒಣಮೊಸರಿನ ಉಂಡೆಯನ್ನು ಕಡಿಯಲಾರೆ, ಕೂಸಿನ ಹಾಗೆ ಚೀಪುತ್ತೇನೆ.

ಫೋನಿರುವಾಗ ಮುದುಕಿ ಕಾಗದ ಬರೆಯುತ್ತಾಳಲ್ಲ ಎಂದುಕೊಳ್ಳಬೇಡ. ಎರಡು ಸಲ ಫೋನು ಮಾಡಿದೆ. ನೀನು ಆ ಕಡೆಯಿಂದ, ಹೆತ್ತಮ್ಮನನ್ನು ಕರೆಯುವ ಹಾಗೆ, "ಅಪಾ, ಚಹಾ ಕುಡಿದ್ರಾ?" ಎಂದ ಕೂಡಲೇ ಹಸುವಿನ ಸುದ್ದಿ ಹೇಳಿ ಇಟ್ಟುಬಿಟ್ಟೆ. ಪಕ್ಕದ ಮನೆಯ ಲಾರಿಯವನು ಇವತ್ತು ಸಂಜೆ ನಿಮ್ಮ ಊರಿನ ಕಡೆಗೇ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ.

ನಾನು ಸಾಕಿ ಬೆಳೆಸಿದ ನಮ್ಮ ಮೀರಿಮ್‌ಗೆ ವೈದ್ಯಕೀಯ ಕಾಲೇಜಿನ ಸರ್ಕಾರಿ ಸೀಟು ಸಿಗಲಿಲ್ಲ. ಅದು ನಿನಗೆ ಗೊತ್ತು. ಮೂರೇ ಅಂಕದಿಂದ ತಪ್ಪಿತು ಎಂಬುದೂ ಗೊತ್ತು. ಸಮಯ ಸಾಲಲಿಲ್ಲವೆಂದು ಅವಳು ನಿನಗೂ ಹೇಳಿದ್ದಾಳೆ, ಊರಿಗೆಲ್ಲ ಹೇಳಿದ್ದಾಳೆ. ಅದು ಸುಳ್ಳು. ಹುಡುಗಿ ತನ್ನ ಜೀವಮಾನದಲ್ಲಿ ಹೇಳಿದ ಒಂದೇ ಸುಳ್ಳು, ಅದನ್ನೂ ನನ್ನ ಮಾನ ಉಳಿಸಲೆಂದು ಹೇಳಿದಳು.

ಕಳೆದ ಸೆಪ್ಟೆಂಬರಿನಲ್ಲಿ ಅವಳ ಗೆಳತಿ ಬೆಗಿಮಾಯ್ ಪೇಟೆಯ ಟ್ಯೂಷನ್ನಿಗೆ ಸೇರಿದಳು. ನೀನು ಫೋನಿನಲ್ಲಿ ಮೆಲ್ಲಗೆ, ಮೀರಿಮ್‌ಳನ್ನೂ ಅಲ್ಲಿಗೆ ಕಳಿಸಿದರೆ ಹೇಗೆ, ಫೀಸು ನಾವು ಕಳಿಸುತ್ತೇವೆ ಎಂದೆ. ನನಗೆ ಮೂಗಿನ ತುದಿಗೆ ಕೋಪ ಬಂತು. ಮೂವತ್ತಾರು ವರ್ಷ ಈ ಊರಿನ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ನಾನು, ನನ್ನ ಮನೆಯ ಕೂಸಿಗೆ ಇನ್ನೊಬ್ಬರು ಪಾಠ ಹೇಳಬೇಕೇ ಎಂದೆ. ಅಲ್ಲಿಂದ ಒಂಬತ್ತು ತಿಂಗಳು ಅಡುಗೆಮನೆಯ ಮೇಜೇ ನಮ್ಮ ಶಾಲೆ. ಬೆಳಿಗ್ಗೆ ಹಾಲು ಕರೆದ ಮೇಲೆ ಲೆಕ್ಕ, ಶಾಲೆಯಿಂದ ಬಂದ ಮೇಲೆ ರಸಾಯನಶಾಸ್ತ್ರ. ರಸಾಯನಶಾಸ್ತ್ರ ನನಗೆ ಬಾರದು, ಅದಕ್ಕೆ ಅವಳೇ ಓದಿ ನನಗೆ ಹೇಳಿಕೊಡುತ್ತಿದ್ದಳು, ನಾನು ದಡ್ಡ ಶಿಷ್ಯೆಯ ಹಾಗೆ ಪ್ರಶ್ನೆ ಕೇಳುತ್ತಿದ್ದೆ. "ಅಪಾ, ನಿನ್ನನ್ನ ಫೇಲ್ ಮಾಡ್ತೀನಿ ನೋಡು" ಎಂದು ನಗುತ್ತಿದ್ದಳು. ಅಷ್ಟು ಸಂತೋಷದ ಚಳಿಗಾಲವನ್ನು ನಾನು ಕಂಡೇ ಇರಲಿಲ್ಲ, ಚೋಲ್ಪೋನ್.

ನನ್ನ ಪದ್ಧತಿ ನಿನಗೆ ಗೊತ್ತಲ್ಲ, ನಿನ್ನ ಗಂಡನ ಕಿವಿಯನ್ನೂ ಅದಕ್ಕಾಗಿ ಹಿಂಡಿದ್ದೇನೆ. ಉತ್ತರ ಸರಿಯಾಗಿದ್ದರೆ ಸಾಲದು, ದಾರಿ ತೋರಿಸಬೇಕು. ದಾರಿ ತೋರಿಸದ ಸರಿ ಉತ್ತರಕ್ಕೆ ಕೆಂಪು ಗೀಟು. ಗೊತ್ತಿಲ್ಲದಿದ್ದರೆ ಖಾಲಿ ಬಿಡು, ಅದರಲ್ಲಿ ಅವಮಾನವಿಲ್ಲ. ಏಪ್ರಿಲಿನಲ್ಲಿ ಒಂದು ದಿನ ಅವಳು ಬೆಗಿಮಾಯ್ ಮನೆಯಿಂದ ಬಂದವಳು ಹಿಂದೆ ಮುಂದೆ ನೋಡಿ ಹೇಳಿದಳು. "ಅಪಾ, ಅವರ ಟ್ಯೂಷನ್ನಲ್ಲಿ ಹೇಳಿಕೊಟ್ಟಿದ್ದಾರಂತೆ, ಕೊನೇ ಎರಡು ನಿಮಿಷ ಇದ್ದಾಗ ಉಳಿದಿದ್ದಕ್ಕೆಲ್ಲ ಉತ್ತರದ ಹಾಳೆಯಲ್ಲಿ ಯಾವುದೋ ಒಂದು ಗುಂಡಿ ತುಂಬಿಬಿಡ್ಬೇಕಂತೆ. ತಪ್ಪಾದ್ರೂ ಅಂಕ ಕಳೆಯಲ್ವಂತೆ." ನಾನು ಹಿಟ್ಟು ನಾದುತ್ತಿದ್ದವಳು ಹಾಗೇ ತಿರುಗಿದೆ. "ಕಣ್ಣು ಮುಚ್ಕೊಂಡು ಕಲ್ಲು ಹೊಡೆಯೋದಕ್ಕೆ ಓದು ಅಂತಾರೇನೇ? ಇವತ್ತು ಊಹೆ ಮಾಡಿ ಸೀಟು ಹಿಡಿದವಳು ನಾಳೆ ಊಹೆ ಮಾಡ್ಕೊಂಡೇ ರೋಗಿ ಹೊಟ್ಟೆ ಕೊಯ್ತಾಳೆ!" ಎಂದೆ. ಅವಳು, "ಎಲ್ರೂ ಹಾಗೇ ಮಾಡ್ತಾರೆ ಅಪಾ" ಎಂದಳು. "ಎಲ್ರೂ ಈ ಬುರುಲ್ ಮೇಡಂ ಮಕ್ಕಳಲ್ಲ" ಎಂದೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಪರೀಕ್ಷೆಯ ದಿನ ಬೆಳಿಗ್ಗೆ ಬಿಸಿ ರೊಟ್ಟಿಯನ್ನು ಬಟ್ಟೆಯ ಮೇಲಿಟ್ಟು ಅವಳ ಕೈಹಿಡಿದು ಅದರ ಮೇಲೆ ಇರಿಸಿದೆ. ಗೊತ್ತಿಲ್ಲದ್ದನ್ನು ತುಂಬುವುದಿಲ್ಲವೆಂದು ಮಾತು ಕೊಡು ಎಂದೆ. ನಮ್ಮಲ್ಲಿ ರೊಟ್ಟಿ ಮುಟ್ಟಿ ಆಡಿದ ಮಾತನ್ನು ಕುದುರೆಗಳ್ಳನೂ ಮೀರುವುದಿಲ್ಲ. ಹದಿನೇಳರ ಹುಡುಗಿ ಹೇಗೆ ಮೀರಿಯಾಳು? ಅವಳು ನನ್ನ ಮುಖವನ್ನು ಒಮ್ಮೆ ನೋಡಿದಳು, ಮಾತು ಕೊಟ್ಟಳು, ರೊಟ್ಟಿಯ ತುಣುಕು ಮುರಿದು ಬಾಯಿಗೆ ಹಾಕಿಕೊಂಡು ಹೋದಳು.

ಸೀಟಿನ ಪಟ್ಟಿ ಬಂದ ದಿನ ಬೆಗಿಮಾಯ್ ನಮ್ಮ ಅಂಗಳಕ್ಕೆ ಓಡಿ ಬಂದಳು. ಅವಳಿಗೆ ಸೀಟು ಸಿಕ್ಕಿತ್ತು. ಚೋಲ್ಪೋನ್, ಆ ಹುಡುಗಿಗೆ ಭಿನ್ನರಾಶಿ ಕೂಡಿಸುವುದನ್ನು ಎಂಟನೇ ತರಗತಿಯಲ್ಲಿ ಹೇಳಿಕೊಟ್ಟವಳೇ ನಮ್ಮ ಮೀರಿಮ್. ಬೆಗಿಮಾಯ್ ಒಳ್ಳೆಯ ಹುಡುಗಿ, ಅವಳಿಗೆ ಶಾಪ ಹಾಕಲಾರೆ. ಮೀರಿಮ್ ಅವಳನ್ನು ಅಪ್ಪಿಕೊಂಡು, ಒಳಗೆ ಕರೆದು ಚಹಾ ಕೊಟ್ಟು, ಕೆನೆಯನ್ನೆಲ್ಲ ಅವಳ ಕಡೆಗೇ ಸರಿಸಿದಳು. ಅವಳು ಹೋದ ಮೇಲೆ ನಾನು ಕೇಳಿದೆ. ಮನೆಯಲ್ಲಿ ಗಡಿಯಾರ ಇಟ್ಟು ಬರೆಸಿದಾಗೆಲ್ಲ ಇಪ್ಪತ್ತು ನಿಮಿಷ ಮೊದಲೇ ಮುಗಿಸುವವಳಿಗೆ ಅಲ್ಲಿ ಸಮಯ ಹೇಗೆ ಸಾಲದೆ ಹೋಯಿತು? ಅವಳು ಬಟ್ಟಲು ತೊಳೆಯುತ್ತಲೇ ಇದ್ದಳು. ನಾನು ಬಿಡಲಿಲ್ಲ. ಕೊನೆಗೆ ನನ್ನ ಕಡೆ ತಿರುಗದೆ ಹೇಳಿದಳು.

"ಹತ್ತೊಂಬತ್ತು ಖಾಲಿ ಬಿಟ್ಟೆ. ರೊಟ್ಟಿ ಮುಟ್ಟಿದ್ನಲ್ಲ ಅಪಾ."

ಕೊನೆಯ ಇಪ್ಪತ್ತು ನಿಮಿಷ ಪೆನ್ಸಿಲ್ಲನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ಕುಳಿತಿದ್ದಳಂತೆ. ಸುತ್ತಲೂ ಎಲ್ಲರೂ ಗುಂಡಿ ತುಂಬುತ್ತಿದ್ದರಂತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಾಲ್ಕು ಗುಂಡಿಗಳಲ್ಲಿ ಒಂದು ಸರಿ ಎಂದರೆ ಹತ್ತೊಂಬತ್ತರಲ್ಲಿ ಎಷ್ಟು ಸರಿ ಬರುತ್ತಿತ್ತೆಂದು ಈ ಲೆಕ್ಕದ ಮೇಡಂಗೆ ಯಾರಾದರೂ ಹೇಳಿಕೊಡಬೇಕೇ? ಬೇಡಬೇಡವೆಂದರೂ ದಿನಾ ಅದೇ ಲೆಕ್ಕ ತಲೆಯಲ್ಲಿ ಓಡುತ್ತದೆ. ಅವಳು ಒಮ್ಮೆಯಾದರೂ ನನ್ನನ್ನು ಬೈದಿದ್ದರೆ, ಬಾಗಿಲು ಬಡಿದಿದ್ದರೆ, ನಾನು ಬದುಕುತ್ತಿದ್ದೆ.

ಇನ್ನೊಂದು ಮಾತೂ ಬರೆಯಬೇಕು. ಅವಳಿಗೆ ಹನ್ನೊಂದು ವರ್ಷವಾದಾಗ ನೀನು ಅವಳನ್ನು ಕರೆದುಕೊಂಡು ಹೋಗಲು ಬಂದಿದ್ದೆ. ಹೊಸ ಕೋಟು ತಂದಿದ್ದೆ, ತೋಳು ಉದ್ದವಾಗಿತ್ತು. ನಾನು ಏನಂದೆ ನೆನಪಿದೆಯೇ? "ನಿನ್ನ ಜೊತೆ ಬಂದು ನೆಲ ಒರೆಸೋದು ಕಲೀಬೇಕಾ? ಇಲ್ಲಿರಲಿ, ನಾನು ಡಾಕ್ಟರ್ ಮಾಡ್ತೀನಿ." ಮರುದಿನ ಬೆಳಿಗ್ಗೆ ಕೋಟಿನ ತೋಳು ಮಡಿಸಿ ಹೊಲಿದಿಟ್ಟು ಹೋದೆ. ಮೊದಲ ಮೊಮ್ಮಗು ಅಜ್ಜ ಅಜ್ಜಿಯ ಪಾಲೆಂಬುದು ಹಿರಿಯರಿಂದ ಬಂದದ್ದು, ನಾನು ಹೊಸದಾಗಿ ಮಾಡಿದ್ದಲ್ಲ. ಆದರೆ ನನ್ನ ಚೊಚ್ಚಲ ಮಗಳನ್ನು ನನ್ನತ್ತೆ ಎತ್ತಿಕೊಂಡಾಗ ನಾನು ಕೊಟ್ಟಿಗೆಗೆ ಹೋಗಿ ಹಸುವಿನ ಕೊರಳು ಹಿಡಿದು ಅತ್ತಿದ್ದೆ. ಅದು ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನ ನಲವತ್ತು ದಿನದ ಕೂಸನ್ನು ಎತ್ತಿಕೊಂಡೆ. ಎತ್ತಿಕೊಂಡದ್ದಕ್ಕೆ ಒಂದು ಬೆಲೆ ತೆರಬೇಕಿತ್ತು, ಅವಳನ್ನು ಡಾಕ್ಟರ್ ಮಾಡಿ ತೆರುತ್ತೇನೆಂದುಕೊಂಡಿದ್ದೆ.

ಈಗ ಅವಳೇ ನಿನ್ನ ಹತ್ತಿರ ಬರುತ್ತೇನೆ ಎನ್ನುತ್ತಾಳೆ. ಒಂದು ವರ್ಷ ಅಲ್ಲಿ ಓದಿ ಮತ್ತೆ ಪರೀಕ್ಷೆ ಬರೆಯುತ್ತಾಳಂತೆ. ಗುರುವಾರದ ರೈಲಿಗೆ ಹತ್ತಿಸುತ್ತೇನೆ. ಒಳ್ಳೆಯ ಟ್ಯೂಷನ್ ಮೇಷ್ಟ್ರನ್ನು ಹುಡುಕು, ಚಿಕ್ಕ ವಯಸ್ಸಿನವರಾದರೆ ಒಳ್ಳೆಯದು. ರೊಟ್ಟಿಯ ಆಣೆಯನ್ನು ರೊಟ್ಟಿಯ ಮೇಲೆಯೇ ಬಿಡಿಸಿದ್ದೇನೆ. ಎಲ್ಲ ಗುಂಡಿ ತುಂಬು, ಪಾಪ ನನಗಿರಲಿ ಎಂದು ಹೇಳಿದ್ದೇನೆ. ನಕ್ಕಳು. ಅವಳಿಗೆ ಚಳಿ ತಡೆಯಲಾಗುವುದಿಲ್ಲ, ಉಣ್ಣೆಯ ಕಾಲುಚೀಲ ನಾಲ್ಕು ಜೊತೆ ಇಟ್ಟಿದ್ದೇನೆ. ಓದುವಾಗ ಕೂದಲಿನ ತುದಿ ಕಚ್ಚುತ್ತಾಳೆ, ಗದರಬೇಡ.

ತಿಲೆಕ್‌ಗೆ ನನ್ನ ಮುತ್ತು. ನಿನ್ನ ಕೈಗೆ ಬಲ ಬರಲಿ, ಸೊಂಟ ನೆಟ್ಟಗಾಗಲಿ, ನಿಮ್ಮ ಒಲೆ ಆರದಿರಲಿ.

ನಿನ್ನ ಅತ್ತೆ,
ಬುರುಲ್

ಮರೆತಿದ್ದೆ: ಲಾರಿಯವನು ಹೊರಗೆ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆದು ಮುಗಿಸುತ್ತೇನೆ. ನೀನು ಹೆತ್ತವಳೆಂದು ಅವಳಿಗೆ ಎಂದಿನಿಂದಲೋ ಗೊತ್ತು, ಆದರೆ ಬಾಯಿಗೆ ರೂಢಿಯಾದದ್ದು ನಿನ್ನನ್ನು ಅತ್ತಿಗೆ ಎನ್ನುವುದು, ನನ್ನನ್ನು ಅಪಾ, ಅಮ್ಮ ಎನ್ನುವುದು. ಇವತ್ತು ಪೆಟ್ಟಿಗೆ ಕಟ್ಟುವಾಗ ಹೇಳಿದೆ, ರೈಲು ಇಳಿದ ಕೂಡಲೇ ಚೋಲ್ಪೋನ್‌ಳನ್ನು ಅಪಾ ಎಂದು ಕರೆ, ಹದಿನೇಳು ವರ್ಷದಿಂದ ಕಾಯುತ್ತಿದ್ದಾಳೆ ಎಂದು. ಅವಳು ಕಾಲುಚೀಲ ಮಡಿಸುತ್ತ ಕೇಳಿದಳು, "ಹಾಗಾದ್ರೆ ನಿನ್ನನ್ನ ಏನಂತ ಕರೀಲಿ?" ನನಗೆ ಉತ್ತರ ಗೊತ್ತಿರಲಿಲ್ಲ. ಖಾಲಿ ಬಿಟ್ಟೆ.