ಯಂತ್ರದೆದುರು ನಿಂತ ಇಂದ್ರವ್ವ

ಇಳಕಲ್ಲು,
ಮಂಗಳವಾರ, ೧೧ ನವೆಂಬರ್ ೨೦೨೫

ಚಿರಂಜೀವಿ ಸೌಭಾಗ್ಯವತಿ ಮೃಣಾಲಿನಿಗೆ,

ನಿನ್ನ ಮಾವನ ಅನೇಕ ಆಶೀರ್ವಾದಗಳು. ನಿನ್ನ ಗಂಟಲು ಹೇಗಿದೆ? ಮೊನ್ನೆ ದೂರವಾಣಿಯಲ್ಲಿ ಮಾತನಾಡಿದಾಗ ದನಿ ಒಡೆದಂತಿತ್ತು. ಅಧ್ಯಾಪಕರ ತರಬೇತಿಯ ಸಭಾಂಗಣದಲ್ಲಿ ದಿನವಿಡೀ ತಂಪುಯಂತ್ರ ನಡೆಸುತ್ತಾರೆಂದು ಹೇಳಿದೆ. ಕಾರ್ತಿಕ ಮಾಸದಲ್ಲಿ ಬಾಗಲಕೋಟೆಗೆ ತಂಪುಯಂತ್ರವೇಕೆ ಎಂಬುದನ್ನು ನಾನು ಎಷ್ಟು ಯೋಚಿಸಿದರೂ ಅರಿಯದಾದೆ. ನಿನ್ನ ಅತ್ತೆ ವಿಮಲಾಬಾಯಿ ಜ್ಯೇಷ್ಠಮಧುವಿನ ಪುಡಿ ಕಳಿಸಿದ್ದಾಳೆ. ಜೇನಿನಲ್ಲಿ ಕಲಸಿ ಬೆಳಗು ಸಂಜೆ ತೆಗೆದುಕೋ. ಬಸ್ಸು ಅಮೀನಗಡದಲ್ಲಿ ನಿಂತಾಗ ಕರದಂಟನ್ನೂ ಕೊಂಡು ತರಲು, ಈ ಪತ್ರ ಹೊತ್ತು ಬರುವ ರಾಚಯ್ಯನಿಗೆ ಹೇಳಿದ್ದೇನೆ. ಅದು ಗಂಟಲಿಗಲ್ಲ, ನಿನ್ನ ಕೋಣೆಯ ಸಹವಾಸಿಗಳಿಗೆ.

ಇಲ್ಲಿ ಎಲ್ಲರೂ ಕ್ಷೇಮ. ವಿಮಲಾಬಾಯಿಯ ಮೊಣಕಾಲು ಎಂದಿನಂತೆ ನೋಯುತ್ತಿದೆ. ನಿನ್ನ ಪತಿ ಶ್ರೀನಿವಾಸ ಹುನಗುಂದದ ಬ್ಯಾಂಕಿಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಮರಳುತ್ತಾನೆ. ಬಾದಾಮಿಯಿಂದ ಬಂದ ಇತಿಹಾಸದ ಅಧ್ಯಾಪಕರು ಕಿರುಪರೀಕ್ಷೆಯ ದಿನ ಹೊಟ್ಟೆನೋವೆಂದು ಕೋಣೆ ಬಿಟ್ಟು ಬರಲಿಲ್ಲವೆಂದು ನೀನು ಹೇಳಿದ್ದನ್ನು ನೆನೆದು ಊಟದ ನಡುವೆ ಈಗಲೂ ನಗುತ್ತಾನೆ. ನಾನೂ ಮೇಷ್ಟರಾಗಿದ್ದವನು, ನಗಲಾರೆ. ಜೀವಮಾನವೆಲ್ಲ ಕಲಿಸಿದವರನ್ನು ಮರಳಿ ಕಲಿಯುವವರ ಸಾಲಿನಲ್ಲಿ ಕೂರಿಸಿದರೆ ಹೊಟ್ಟೆ ನಿಜವಾಗಿಯೂ ನೋಯಬಹುದು. ನೀನು ಆ ಸಾಲಿನಲ್ಲಿ ಧೈರ್ಯದಿಂದ ಕುಳಿತಿದ್ದೀಯೆ ಎಂಬುದು ನನಗೊಂದು ಸಮಾಧಾನ.

ಇನ್ನು ವಿಷಯಕ್ಕೆ ಬರುತ್ತೇನೆ. ಇದನ್ನು ದೂರವಾಣಿಯಲ್ಲಿ ಹೇಳಬಹುದಿತ್ತು. ಆದರೆ ನೀನು ಊಟದ ಬಿಡುವಿನಲ್ಲಿ ಮಾತನಾಡುತ್ತೀಯೆ, ನಾನು ಪೀಠಿಕೆ ಮುಗಿಸುವಷ್ಟರಲ್ಲಿ ಅಲ್ಲಿ ಗಂಟೆ ಬಾರಿಸುತ್ತದೆ. ಅದೂ ಅಲ್ಲದೆ ನಿನ್ನ ಸಹಿ ಬೇಕಾದ ಕಾಗದಗಳಿವೆ. ಕಳೆದ ಶುಕ್ರವಾರದಿಂದ ನನಗೆ ಕುಳಿತಲ್ಲಿ ಕೂರಲಾಗುತ್ತಿಲ್ಲ. ಬಸ್ ನಿಲ್ದಾಣದವರೆಗೆ ಹೋಗುತ್ತೇನೆ, ಏಕೆ ಬಂದೆನೆಂದು ತೋಚದೆ ಹಿಂದಿರುಗುತ್ತೇನೆ. ಪತ್ರಿಕೆ ಹಿಡಿದರೆ ಅದರಲ್ಲಿನ ತಪ್ಪುಗಳೂ ಕಣ್ಣಿಗೆ ಬೀಳುತ್ತಿಲ್ಲವೆಂದರೆ ನನ್ನ ಸ್ಥಿತಿಯನ್ನು ನೀನೇ ಊಹಿಸು.

ಹೊರಡುವಾಗ ನೀನು ನಿನ್ನ ಕಾಲೇಜಿನ ಕೃತಕ ಬುದ್ಧಿಮತ್ತೆಯ ಪಾಠಕ್ರಮದ ಮಕ್ಕಳು ದಿನವೂ ಮಧ್ಯಾಹ್ನ ಒಂದು ಗಂಟೆಯ ಕಾಲ ನನ್ನ ಬಳಿ ಕೂರುವಂತೆ ಮಾಡಿ ಹೋದೆಯಷ್ಟೆ. (ನೀವೆಲ್ಲ ಅದನ್ನು ಎರಡು ಇಂಗ್ಲಿಷ್ ಅಕ್ಷರಗಳಲ್ಲಿ ಮುಗಿಸುತ್ತೀರಿ, ನಾನು ಪೂರ್ತಿ ಬರೆಯುತ್ತೇನೆ, ಮಸಿ ನನ್ನದು.) ಹುಬ್ಬಳ್ಳಿಯ ಸಂಸ್ಥೆಯವರು ಸಂದರ್ಶನ ನಡೆಸುವವರಿದ್ದರು. ಯಂತ್ರವು ಕನ್ನಡದಲ್ಲಿ ಕೊಡುವ ಉತ್ತರಗಳನ್ನು ಓದಿ, ನಮ್ಮ ಜನ ಹೀಗೆ ನುಡಿಯುವರೇ, ಹೀಗೆ ನಡೆಯುವರೇ ಎಂದು ಪರಿಶೀಲಿಸಿ, ತಪ್ಪಿದ್ದಲ್ಲಿ ತಿಳಿಸುವ ಉದ್ಯೋಗ. ಅದೂ ಇಳಕಲ್ಲಿನಲ್ಲಿಯೇ ಕುಳಿತು ಮಾಡುವಂಥದು. ಗುಡೂರಿನ ಇಂದ್ರವ್ವನಿಗೆ ಇದರಷ್ಟು ಒಪ್ಪುವ ಕೆಲಸ ಬೇರೊಂದಿಲ್ಲವೆಂದು ನೀನೇ ಹೇಳಿದ್ದೆ. ತಾಯಿಗೆ ಕಣ್ಣು ಮಂದವಾದುದರಿಂದ ಅವಳು ಸಂಜೆಯ ಬಸ್ಸಿಗೆ ಮನೆ ಸೇರಲೇಬೇಕು. ದೂರದ ಊರಿನ ಉದ್ಯೋಗ ಎಷ್ಟು ದೊಡ್ಡದಾದರೂ ಅವಳ ಪಾಲಿಗೆ ಇಲ್ಲದಂತೆಯೇ. ಮಕ್ಕಳಿಗೆ ಹಿರಿಯರೆದುರು ಮಾತನಾಡುವ ರೂಢಿಯಾಗಲಿ, ಅಷ್ಟು ಸಾಕು ಎಂದಿದ್ದೆ. ನಾನು ಅಷ್ಟಕ್ಕೆ ನಿಲ್ಲಲಿಲ್ಲ.

ಸಂದರ್ಶನವೆಂದರೆ ಹೇಗಿರಬೇಕೆಂಬುದನ್ನು ನನ್ನ ಗುರುಗಳು ನನಗೆ ಕಲಿಸಿದಂತೆಯೇ ಕಲಿಸಿದೆ. ಒಳಗೆ ಹೋದೊಡನೆ ಕೈಮುಗಿದು ನಿಲ್ಲಬೇಕು. ಕುಳಿತುಕೋ ಎನ್ನುವ ತನಕ ಕೂರಬಾರದು. ಹಿರಿಯರ ಪ್ರಶ್ನೆ ಮುಗಿದ ಮೇಲೆ ಎರಡು ಉಸಿರಿನಷ್ಟು ತಡೆದು, ಅವರು ಇನ್ನೇನೂ ಹೇಳುವುದಿಲ್ಲವೆಂದು ಖಚಿತವಾದ ಮೇಲೆ, ಅಪ್ಪಣೆ ಪಡೆದು ಉತ್ತರಿಸಬೇಕು. ಕಣ್ಣಿಗೆ ಕಣ್ಣು ಕೊಟ್ಟು ನೋಡದೆ ದೃಷ್ಟಿಯನ್ನು ತುಸು ತಗ್ಗಿಸಿರಬೇಕು. ಬಸ್ಸಿನ ನಿರ್ವಾಹಕನೊಡನೆ ಚಿಲ್ಲರೆಗಾಗಿ ಗುಡೂರಿನಿಂದ ಇಳಕಲ್ಲಿನವರೆಗೆ ವಾದಿಸುವ ಇಂದ್ರವ್ವನನ್ನು ಈ ನಡತೆಗೆ ಒಗ್ಗಿಸಲು ನಾನು ಪಟ್ಟ ಪಾಡು ಸಣ್ಣದಲ್ಲ. ಆದರೆ ಅವಳು ಕಲಿತಳು. ಎಲ್ಲರಿಗಿಂತ ಚೆನ್ನಾಗಿ ಕಲಿತವಳೇ ಅವಳು.

ಶುಕ್ರವಾರ ಹುಬ್ಬಳ್ಳಿಯಿಂದ ಯಾರೂ ಬರಲಿಲ್ಲ. ಗಣಕಯಂತ್ರಗಳ ಕೋಣೆಯಲ್ಲಿ ಒಬ್ಬೊಬ್ಬರನ್ನು ಒಂದೊಂದು ಪರದೆಯ ಎದುರು ಬಿಟ್ಟರು. ಸಂದರ್ಶಿಸುವುದು ಯಂತ್ರವೇ ಎಂಬುದು ನಿನಗೂ ತಿಳಿದಿರಲಿಲ್ಲವೆಂದು ನಂಬಿದ್ದೇನೆ. ನಾನು ಕಿಟಕಿಯ ಹೊರಗೆ ನಿಂತಿದ್ದೆ. ಪರದೆಯಲ್ಲಿ ಒಬ್ಬ ಹೆಂಗಸಿನ ಮುಖ ಮೂಡಿ ಶುಭೋದಯ ಹೇಳಿತು. ಇಂದ್ರವ್ವ ಎದ್ದು ನಿಂತು ಕೈಮುಗಿದಳು. ಯಂತ್ರದ ಕಣ್ಣಿಗೆ ಕಂಡದ್ದು ಅವಳ ಸೊಂಟದ ಬಳಿಯ ಸೆರಗು ಮಾತ್ರ. ಮೊದಲ ಪ್ರಶ್ನೆ ಬಂದಿತು. ಕುಳಿತುಕೋ ಎಂಬ ಮಾತು ಬರಲಿಲ್ಲವಾದುದರಿಂದ ಅವಳು ನಿಂತೇ ಇದ್ದಳು. ಎರಡು ಉಸಿರು ತಡೆದು, ಅಪ್ಪಣೆಯಾದರೆ ಹೇಳುತ್ತೇನೆ ಎಂದಳು. ಅಷ್ಟರಲ್ಲಿ ಅದು ಎರಡನೆಯ ಪ್ರಶ್ನೆಗೆ ಹೋಗಿತ್ತು. ಹಿರಿಯರು ಮಾತನಾಡುತ್ತಿದ್ದಾರೆಂದು ಅವಳು ಮತ್ತೆ ಬಾಯಿ ಮುಚ್ಚಿದಳು. ಹೀಗೆಯೇ ಕೊನೆಯವರೆಗೆ. ನಡುವೆ ಒಮ್ಮೆ, ದಯವಿಟ್ಟು ಪರದೆಯನ್ನು ನೋಡಿರಿ ಎಂದಿತು. ಗದರಿಸಿದರೆಂದು ಭಾವಿಸಿ ಅವಳು ತಲೆಯನ್ನು ಇನ್ನಷ್ಟು ತಗ್ಗಿಸಿದಳು. ಕಿಟಕಿಯ ಸರಳು ಹಿಡಿದು ನಿಂತಿದ್ದ ನಾನು, ಎಂಥ ವಿನಯವಂತ ಹುಡುಗಿ ಎಂದು ಮನಸ್ಸಿನಲ್ಲಿಯೇ ಹಿಗ್ಗಿದೆ. ಆ ಹಿಗ್ಗನ್ನು ನೆನೆದಾಗಲೆಲ್ಲ ಈಗ ಎದ್ದು ಓಡಾಡುತ್ತೇನೆ.

ಫಲಿತಾಂಶ ಅಂದೇ ಬಂದಿತು. ಇಂದ್ರವ್ವನ ಹೆಸರಿನ ಮುಂದೆ, ಮಾತನಾಡುವ ಸಾಮರ್ಥ್ಯವಿಲ್ಲ ಎಂದು ಬರೆದಿತ್ತು. ತರಗತಿಯವರೆಲ್ಲರದೂ ಹೆಚ್ಚುಕಡಿಮೆ ಅದೇ ಕಥೆ. ಆಯ್ಕೆಯಾದವಳು ಜರೀನಾ ಒಬ್ಬಳೇ. ತಂದೆ ಶಾಬುದ್ದೀನ ಊಟಕ್ಕೆ ಹೋದಾಗ ಬಳೆಯ ಅಂಗಡಿ ನೋಡಿಕೊಳ್ಳುವವಳಾದುದರಿಂದ ಅವಳು ನನ್ನ ಪಾಠಕ್ಕೆ ಒಂದು ದಿನವೂ ಬಂದಿರಲಿಲ್ಲ. ಹೋದೊಡನೆ ಕುಳಿತು, ಗಿರಾಕಿಯೊಡನೆ ಮಾತನಾಡುವಂತೆ ಮಾತನಾಡಿ ಎದ್ದು ಬಂದಳಂತೆ. ನನ್ನ ಮುಖ ನೋಡಿ ಅವಳಿಗೇ ಕನಿಕರವಾಯಿತು. “ಅದು ಹಿರೇರಲ್ರಿ ಸರ. ನಾವು ಸುಮ್ಮ ನಿಂತ್ರ, ಇವರಿಗೇನೂ ಗೊತ್ತಿಲ್ಲ ಅಂತ ತಿಳಕೊಂಡು ಮುಂದ ಹೋಗಿಬಿಡ್ತೈತಿ” ಎಂದಳು.

ಪ್ರಾಚಾರ್ಯರನ್ನು ಶನಿವಾರ ಕಂಡೆ. ಪಾಠಗಳು ನನ್ನವು, ಮಕ್ಕಳದು ತಪ್ಪಲ್ಲ ಎಂದು ಹೇಳಿದೆ. ಅವರು ಬೇರೆಯೇ ದಾರಿ ಹುಡುಕಿದ್ದರು. ಯಂತ್ರ ಕೆಟ್ಟರೆ ಅಥವಾ ವಿದ್ಯುತ್ತು ಹೋದರೆ ಸಂಸ್ಥೆಯವರು ಇನ್ನೊಮ್ಮೆ ಸಂದರ್ಶಿಸುತ್ತಾರಂತೆ. ಪಾಠಕ್ರಮದ ಹೊಣೆ ಹೊತ್ತವರು, ಅಂದರೆ ನೀನು, ನಾಳೆ ಬುಧವಾರದೊಳಗೆ ಬರೆದು ತಿಳಿಸಿದರೆ ಇದೇ ಶುಕ್ರವಾರ ಮತ್ತೊಂದು ಅವಕಾಶ. ಇಲ್ಲವಾದರೆ ಈ ವರ್ಷಕ್ಕೆ ಮುಗಿಯಿತು. ಆದ್ದರಿಂದ ವಿದ್ಯುತ್ತು ಹೋಗಿತ್ತೆಂದು ಬರೆದ ಪತ್ರವನ್ನು ಸಿದ್ಧಪಡಿಸಿಯೇ ಇಟ್ಟಿದ್ದರು. ನಮ್ಮ ಊರಿನಲ್ಲಿ ವಿದ್ಯುತ್ತು ಹೋಗುವುದನ್ನು ಯಾರು ತಾನೇ ಅನುಮಾನಿಸುವರು? ಆದರೆ ಅಂದು ಹೋಗಿರಲಿಲ್ಲ. ಆದರೂ ಆ ಪತ್ರವನ್ನು ನಾನು ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಬಂದೆ. ಆ ಹುಡುಗಿಯ ಬದುಕು ಅದರಲ್ಲಿತ್ತು.

ಭಾನುವಾರ ಇಂದ್ರವ್ವ ಮನೆಗೆ ಬಂದಳು. ಬಯ್ಯಲು ಬಂದಿದ್ದಾಳೆಂದುಕೊಂಡೆ, ಬೈದಿದ್ದರೆ ನನಗೂ ಹಗುರವಾಗುತ್ತಿತ್ತು. ವಿಮಲಾಬಾಯಿ ಕೊಟ್ಟ ಅವಲಕ್ಕಿಯನ್ನು ಮುಗಿಸಿ, ಪ್ರಾಚಾರ್ಯರ ಪತ್ರವನ್ನು ಓದಿದಳು. ಬಳಿಕ ತಣ್ಣಗೆ ಹೇಳಿದಳು: “ಕರೆಂಟ್ ಹೋಗಿತ್ತು ಅಂತ ಬರಿಬ್ಯಾಡ್ರಿ ಸರ. ನಾ ನಿಂತಿದ್ದೆ, ಅದಕ್ಕ ತಿಳಿಲಿಲ್ಲ. ಅಷ್ಟ ಬರೀರಿ.” ಹಾಗೆ ಬರೆದರೆ ಅವಕಾಶ ಸಿಗಲಾರದೆಂದು ನಾನು ತಿಳಿಹೇಳಿದೆ, ಉತ್ತರಿಸದೆ ನಿಂತವರಿಗೆ ಮರುಸಂದರ್ಶನವಿಲ್ಲವೆಂದು ಅವರ ನಿಯಮವೇ ಇದೆ. ಅವಳು ಕೇಳಲಿಲ್ಲ. “ಅದು ಎಲ್ಲಿ ತಪ್ಪತೈತಿ ಅಂತ ಹೇಳೂದ ಅಲ್ಲೇನ್ರಿ ನೌಕರಿ? ನಮ್ಮ ಕಡೆ ಹುಡುಗ್ಯಾರು ದೊಡ್ಡವರ ಮುಂದ ಸುಮ್ಮ ನಿಂತರ ಬಾಯಿ ಇಲ್ಲ ಅಂತಲ್ಲ ಅನ್ನೂದು ಅದಕ್ಕ ಯಾರು ಹೇಳವರು? ಇದನ್ನ ಮುಚ್ಚಿಟ್ಟು ಒಳಗ ಹೋಗಿ, ಅಲ್ಲಿ ನಾ ಏನು ಹೇಳಲಿ?”

ಮೃಣಾಲಿನಿ, ನಾನು ಇಷ್ಟು ವರ್ಷ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರ ಕೊಟ್ಟವನು. ಈ ಬಾರಿ ಹಾಳೆಯನ್ನೂ ಲೇಖನಿಯನ್ನೂ ತಂದು ಅವಳ ಮುಂದಿಟ್ಟೆ. ಅವಳೇ ಕುಳಿತು ಎಲ್ಲವನ್ನೂ ಬರೆದಳು. ಹೇಗೆ ನಿಂತಳು, ಏಕೆ ನಿಂತಳು, ಯಂತ್ರವು ಎಷ್ಟು ತಾಳಬೇಕಿತ್ತು, ತಾವು ಏನನ್ನು ಮೊದಲೇ ಕಲಿಯಬೇಕಿತ್ತು, ಎಲ್ಲವನ್ನೂ. ನಾನು ಅದರಲ್ಲಿ ಒಂದಕ್ಷರವನ್ನೂ ತಿದ್ದಿಲ್ಲ; ತಿದ್ದಬೇಕಾದದ್ದು ಇಲ್ಲವೆಂದಲ್ಲ. ಉಳಿದ ಮಕ್ಕಳು ನಿನ್ನೆ ಅದನ್ನು ಓದಿ ಸಹಿ ಮಾಡಿದರು. ಇಬ್ಬರು ಅರೆಮನಸ್ಸಿನಿಂದ ಮಾಡಿದರೆಂಬುದನ್ನೂ ನಿನಗೆ ತಿಳಿಸಬೇಕು.

ಶುಕ್ರವಾರದ ಅವಕಾಶ ಸಿಗಲಿ, ಬಿಡಲಿ, ಅಭ್ಯಾಸ ನಡೆದಿದೆ. ಈಗಿನ ಪಾಠ ತಲೆಕೆಳಗಾದದ್ದು. ನಾನು ಪ್ರಶ್ನೆ ಕೇಳುತ್ತೇನೆ. ಅದು ಮುಗಿಯುವ ಮೊದಲೇ ಇಂದ್ರವ್ವ ನನ್ನ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡತೊಡಗಬೇಕು. ಮೊದಮೊದಲು ಅವಳಿಗೂ ಕಷ್ಟವಾಯಿತು, ನನಗಂತೂ ಮೈಮೇಲೆ ಮುಳ್ಳೆದ್ದಿತು. ನಿನ್ನೆಯ ಹೊತ್ತಿಗೆ ನಾನು ಬಾಯಿ ತೆರೆಯುವುದೇ ತಡ, ಅವಳ ಉತ್ತರ ಸಿದ್ಧ. ನಿನ್ನ ಅತ್ತೆ ಮೊಣಕಾಲು ನೀವಿಕೊಳ್ಳುತ್ತ, “ಇಂದ್ರವ್ವಾ, ಈ ವಿದ್ಯಾ ನನಗೂ ಸ್ವಲ್ಪ ಕಲಸವಾ. ಲಗ್ನಾದಾಗಿಂದ ಇವರ ಮಾತು ಮುಗಿಯೂದನ್ನ ಕಾಯ್ಲಿಕತ್ತೇನಿ” ಎಂದಳು. ಹುಡುಗಿ ನಕ್ಕಳು. ಶುಕ್ರವಾರದ ಬಳಿಕ ಅವಳು ನಕ್ಕಿದ್ದು ಅದೇ ಮೊದಲು.

ಈ ಲಕೋಟೆಯಲ್ಲಿ ಎರಡು ಕಾಗದಗಳಿವೆ. ಒಂದು ಪ್ರಾಚಾರ್ಯರ ವಿದ್ಯುತ್ತಿನ ಪತ್ರ, ಇನ್ನೊಂದು ಇಂದ್ರವ್ವನದು. ಯಾವುದಕ್ಕೆ ನೀನು ಸಹಿ ಮಾಡುತ್ತೀಯೋ ಅದು ನಾಳೆ ಹುಬ್ಬಳ್ಳಿಗೆ ಹೋಗುತ್ತದೆ. ನನ್ನ ಮನಸ್ಸು ಯಾವ ಕಡೆಗಿದೆಯೆಂಬುದನ್ನು ಇಷ್ಟು ಓದಿದ ನೀನು ಅರಿತಿರುವೆ. ಮೊದಲನೆಯದಕ್ಕೆ ಮಾಡಿದರೆ ಅವಳಿಗೆ ಅವಕಾಶ ಸಿಗುವುದು ಬಹುಮಟ್ಟಿಗೆ ಖಚಿತ, ಆದರೆ ಅವಳು ಬರುವುದು ಖಚಿತವಲ್ಲ. ಎರಡನೆಯದಕ್ಕೆ ಮಾಡಿದರೆ ಅವಳು ಬರುವುದು ಖಚಿತ, ಅವಕಾಶದ ಮಾತು ಯಾರ ಕೈಯಲ್ಲಿದೆಯೋ ಬಲ್ಲವರಾರು? ರಾಚಯ್ಯ ಸಂಜೆಯವರೆಗೆ ಅಲ್ಲಿಯೇ ಕಾದಿದ್ದು, ಸಹಿಯಾದ ಕಾಗದದೊಡನೆ ಮರಳುತ್ತಾನೆ.

ಬಿಸಿನೀರನ್ನೇ ಕುಡಿ, ಹಟ ಮಾಡಬೇಡ. ನಿನ್ನ ಸಹವಾಸಿಗಳಿಗೂ, ಹೊಟ್ಟೆ ನೆಟ್ಟಗಾಗಿದ್ದರೆ ಬಾದಾಮಿಯ ಅಧ್ಯಾಪಕರಿಗೂ ನನ್ನ ನಮಸ್ಕಾರ ತಿಳಿಸು. ಕಲಿಯಲು ಹೋದ ವಿದ್ಯೆ ನಿನ್ನ ಕೈಹತ್ತಲಿ, ಅದರಿಂದ ನಾಲ್ಕು ಮಕ್ಕಳ ಮನೆ ಬೆಳಗಲಿ ಎಂದು ಹರಸುವ,

ನಿನ್ನ ಮಾವ
ಸತ್ಯಬೋಧ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ರಾಚಯ್ಯ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ, ಬೇಗ ಬರೆಯುತ್ತೇನೆ. ಇಂದ್ರವ್ವನ ಕಾಗದ ಹುಬ್ಬಳ್ಳಿಗೆ ಹೋದರೆ ಕಾಲೇಜಿನ ಮಾನ ಹೋಗುತ್ತದೆ, ಮುಂದಿನ ವರ್ಷ ಪಾಠಕ್ರಮದ ಹೊಣೆಯನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಪ್ರಾಚಾರ್ಯರು ನಿನ್ನೆ ಸಂಜೆ ನನಗೆ ಸ್ಪಷ್ಟವಾಗಿ ಹೇಳಿದರು. ನೀನು ಅಲ್ಲಿ ಗಂಟಲು ಕೆಡಿಸಿಕೊಂಡು ಕಲಿಯುತ್ತಿರುವುದೆಲ್ಲ ಬೇರೆ ಯಾರಿಗೋ ಸಲ್ಲಬಹುದು. ಇದನ್ನು ಓದಿದರೆ ನಿನ್ನ ಕೈ ತಡೆದೀತೆಂದು ಮೇಲೆ ಬರೆಯಲಿಲ್ಲ. ಆದರೆ ಈ ಪತ್ರವನ್ನು ನನ್ನಿಂದ ಓದಿಸಿಕೊಂಡ ನಿನ್ನ ಅತ್ತೆ ಲಕೋಟೆ ಅಂಟಿಸಲು ಬಿಡಲಿಲ್ಲ. “ಅದನ್ನೂ ಬರೀರಿ. ಸಹಿ ಅಕೀದು, ನಿಮ್ಮದಲ್ಲ” ಎಂದಳು. ಬರೆದಿದ್ದೇನೆ.